ಆಲ್ಪ್ ದ್ಯುಎಜ್ ಏರಿನಲ್ಲಿ, ಕೊನೆಯ ಗಾಡಿ ದಾಟುವವರೆಗೆ

ಮೂರು ವಾರದ ಸೈಕಲ್ ರೇಸ್ ಟೂರ್ ದ ಫ್ರಾನ್ಸ್ ನೋಡಲು ಟಿಕೆಟ್ ಬೇಕಿಲ್ಲ. ದಿನಕ್ಕೊಂದರಂತೆ 21 ಹಂತ, ನಡುವೆ ಎರಡು ದಿನ ವಿಶ್ರಾಂತಿ, ಒಟ್ಟು 3,400 ಕಿ.ಮೀ.ಗಳ ಆಸುಪಾಸು. ಇಷ್ಟು ಉದ್ದದ ರಸ್ತೆಯ ಯಾವ ಅಂಚಿನಲ್ಲಿ ನಿಂತರೂ ಆದೀತು ಅನ್ನಿಸುತ್ತದೆ. ಆದರೆ ಜಾಗ ಆರಿಸುವುದರಲ್ಲೇ ದಿನದ ಅರ್ಧ ಭಾಗ್ಯ ಇದೆ. ಬಯಲುಸೀಮೆಯ ಹಂತದಲ್ಲಿ ನೇರ ರಸ್ತೆಯ ಪಕ್ಕ ನಿಂತವರಿಗೆ ಬೆಳಗಿನಿಂದ ಕಾದದ್ದಕ್ಕೆ ಸಿಗುವುದು ಅರ್ಧ ನಿಮಿಷ. ಗಂಟೆಗೆ 45-50 ಕಿ.ಮೀ. ವೇಗದಲ್ಲಿ ಪೆಲೊಟಾನ್, ಅಂದರೆ ಸವಾರರ ದೊಡ್ಡ ಗುಂಪು, ಬರುತ್ತದೆ, ಗಾಳಿ ಮುಖಕ್ಕೆ ಬಡಿಯುತ್ತದೆ, ಹೋಗಿಬಿಡುತ್ತದೆ. ಯಾರು ಯಾರೆಂದು ಗುರುತಿಸುವಷ್ಟರಲ್ಲಿ ಟೀಮ್ ಕಾರುಗಳು ಬಂದಿರುತ್ತವೆ.

ಬೆಟ್ಟದ ಹಂತ ಬೇರೆಯೇ ಆಗಲು ಕಾರಣ ಗಾಳಿ. ಬಯಲಿನಲ್ಲಿ ಮುಂದಿನವರ ಮರೆಯಲ್ಲಿ ತುಳಿಯುವವನಿಗೆ ಮೂರರಲ್ಲಿ ಒಂದು ಪಾಲಿನಷ್ಟು ಶ್ರಮ ಉಳಿಯುತ್ತದೆ. ಅದಕ್ಕೇ ಗುಂಪು ಒಡೆಯುವುದಿಲ್ಲ. ಕಡಿದಾದ ಏರಿನಲ್ಲಿ ವೇಗ 20 ಕಿ.ಮೀ.ಗೆ ಇಳಿದಾಗ ಎದುರಾಳಿ ಗಾಳಿಯಲ್ಲ, ಸ್ವಂತ ಮೈಭಾರ. ಆಗ ಮರೆ ಉಪಯೋಗಕ್ಕೆ ಬರುವುದು ಕಡಿಮೆ, ಪ್ರತಿಯೊಬ್ಬನೂ ತನ್ನ ಶಕ್ತಿಯ ಮಟ್ಟಕ್ಕೆ ತಕ್ಕ ಜಾಗದಲ್ಲಿ ಉಳಿಯುತ್ತಾನೆ. ಮೊದಲನೆಯವನಿಗೂ ಕೊನೆಯವನಿಗೂ ಅರ್ಧ ಗಂಟೆಗಿಂತ ಹೆಚ್ಚು ಅಂತರ ಬೀಳುವುದು ಸಾಮಾನ್ಯ. ಆ ಹೊತ್ತಿನುದ್ದಕ್ಕೂ ರಸ್ತೆಯಲ್ಲಿ ರೇಸ್ ನಡೆಯುತ್ತಲೇ ಇರುತ್ತದೆ. ಹಳದಿ ಜೆರ್ಸಿ (ಒಟ್ಟು ಸಮಯದಲ್ಲಿ ಎಲ್ಲರಿಗಿಂತ ಮುಂದಿರುವವನು ತೊಡುವ ಅಂಗಿ) ದಾಟಿದ ಕೂಡಲೇ ಹೊರಡುವವರು ಅದರ ಬಹುಪಾಲನ್ನು ಬಿಟ್ಟು ಹೋಗುತ್ತಾರೆ.

ಆಲ್ಪ್ಸ್ ಪರ್ವತದ ಆಲ್ಪ್ ದ್ಯುಎಜ್ ಏರನ್ನೇ ತೆಗೆದುಕೊಳ್ಳಿ. ಬೂರ್ ದ್ವಾಜಾನ್ ಊರಿನ ಆಚೆ ಶುರುವಾಗಿ 13.8 ಕಿ.ಮೀ., ಸರಾಸರಿ ಶೇ. 8.1ರ ಏರು, 21 ಹೇರ್‌ಪಿನ್ ತಿರುವುಗಳು. ತಿರುವುಗಳ ಎಣಿಕೆ ಕೆಳಗಿನಿಂದ ಇಳಿಕೆಯ ಕ್ರಮದಲ್ಲಿದೆ: ಬುಡದಲ್ಲಿ 21, ತುದಿಯಲ್ಲಿ 1. ಒಂದೊಂದು ತಿರುವಿನ ಫಲಕದಲ್ಲೂ ಇಲ್ಲಿ ಗೆದ್ದವರ ಹೆಸರು. 1952ರಲ್ಲಿ ಮೊದಲ ಬಾರಿ ಟೂರ್ ಇಲ್ಲಿಗೆ ಬಂದಾಗ ಗೆದ್ದ ಫೌಸ್ಟೊ ಕೊಪ್ಪಿಯ ಹೆಸರು 21ನೆಯದರಲ್ಲಿದೆ. ಗೆದ್ದವರ ಸಂಖ್ಯೆ ತಿರುವುಗಳನ್ನು ಮೀರಿದ ಮೇಲೆ ಮತ್ತೆ ಬುಡದಿಂದ ಎರಡನೇ ಹೆಸರು ಸೇರಿಸುತ್ತ ಬಂದಿದ್ದಾರೆ.

ಎಲ್ಲಿ ನಿಲ್ಲಬೇಕು? ಏಳನೇ ತಿರುವು ಡಚ್ಚರದು. ಅಲ್ಲಿ ಕಿತ್ತಳೆ ಬಣ್ಣ, ಸಂಗೀತ, ಬಿಯರ್, ಸವಾರರ ಮೈಗೆ ತಾಗುವಷ್ಟು ಜನ. ಗದ್ದಲವೇ ಬೇಕೆನ್ನುವವರಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ರೇಸ್ ಓದಬೇಕೆನ್ನುವವರಿಗೆ ನಾನು ಹೇಳುವುದು ಬೇರೆ: ಕೆಳಗಿನ ಎರಡು ಕಿ.ಮೀ.ಯಷ್ಟು ಕಡಿದಾದ ರಸ್ತೆ ಇಡೀ ಏರಿನಲ್ಲಿ ಮತ್ತೆಲ್ಲೂ ಹಾಗೆ ಒಟ್ಟಾಗಿ ಸಿಗುವುದಿಲ್ಲ, ಶೇ. 10ನ್ನು ದಾಟುತ್ತದೆ. ಗುಂಪು ಒಡೆಯಲು ಶುರುವಾಗುವುದು ಅಲ್ಲೇ. ಅದರ ಸ್ವಲ್ಪ ಮೇಲೆ, ಕೆಳಗಿನ ಒಂದೆರಡು ರಸ್ತೆಗಳು ಕಾಣುವಂಥ ತಿರುವನ್ನು ಹಿಡಿದರೆ ಒಡೆದ ಗುಂಪಿನ ಚೂರುಗಳು ಯಾವ ಕ್ರಮದಲ್ಲಿ ಬರುತ್ತಿವೆ ಎಂಬುದು ಅವು ತಲುಪುವ ಮೊದಲೇ ತಿಳಿಯುತ್ತದೆ. ಕೊನೆಯ ಕೆಲವು ಕಿ.ಮೀ. ಬ್ಯಾರಿಕೇಡ್ ಇರುತ್ತದೆ, ಅಲ್ಲಿ ನಿಂತರೆ ಫಲಿತಾಂಶ ಕಾಣುತ್ತದೆ, ಅದು ಹೇಗೆ ಬಂತೆಂಬುದು ಕಾಣುವುದಿಲ್ಲ.

ರಸ್ತೆ ಮುಚ್ಚುವ ಸಮಯವನ್ನು ಜಿಲ್ಲಾಡಳಿತ ಮುಂಚೆಯೇ ಪ್ರಕಟಿಸುತ್ತದೆ. ದೊಡ್ಡ ಏರುಗಳಲ್ಲಿ ವಾಹನಗಳಿಗೆ ಎಷ್ಟೋ ಸಲ ಹಿಂದಿನ ದಿನವೇ ಪ್ರವೇಶ ನಿಲ್ಲುತ್ತದೆ, ಕ್ಯಾಂಪರ್ ವ್ಯಾನಿನವರು ಅದಕ್ಕೂ ಕೆಲವು ದಿನ ಮೊದಲೇ ಬಂದು ತಳವೂರಿರುತ್ತಾರೆ. ಕಾರನ್ನು ಕಣಿವೆಯಲ್ಲೇ ಬಿಟ್ಟು ಸೈಕಲ್ ತುಳಿದು ಅಥವಾ ನಡೆದು ಹೋಗುವುದೇ ನಂಬಿಕಸ್ಥ ದಾರಿ. ವಾಹನ ನಿಂತ ಮೇಲೂ ಸೈಕಲ್‌ಗಳನ್ನು ಸ್ವಲ್ಪ ಹೊತ್ತು ಬಿಡುತ್ತಾರೆ. ಆದರೆ ಪೊಲೀಸರು ಇಳಿಯಿರಿ ಎಂದ ಕ್ಷಣದಿಂದ ತಳ್ಳಿಕೊಂಡೇ ಹೋಗಬೇಕು, ಕೆಲವೊಮ್ಮೆ ಅದಕ್ಕೂ ಅವಕಾಶವಿಲ್ಲ. ಪ್ರೊ ಸವಾರರು 40 ನಿಮಿಷದ ಆಸುಪಾಸಿನಲ್ಲಿ ಏರುವ ಈ ರಸ್ತೆಗೆ ಅಭ್ಯಾಸವಿರುವ ಸಾಮಾನ್ಯ ಸವಾರನಿಗೆ ಒಂದರಿಂದ ಒಂದೂವರೆ ಗಂಟೆ ಬೇಕು. ಬೆನ್ನಿಗೆ ಚೀಲ, ರಸ್ತೆ ತುಂಬ ಜನ, ಇವೆರಡನ್ನೂ ಲೆಕ್ಕಕ್ಕೆ ಹಿಡಿದು ಬೆಳಿಗ್ಗೆ ಬೇಗನೇ ಹೊರಡುವುದು ಒಳ್ಳೆಯದು.

ಚೀಲದಲ್ಲಿ ತಲೆಗೆ ಮೂರು ಲೀಟರ್ ನೀರು ಇರಲಿ, ಏಕೆಂದರೆ ತಿರುವುಗಳಲ್ಲಿ ನೆರಳು ಕಡಿಮೆ, ಕಾಯುವುದು ಆರೇಳು ಗಂಟೆ. ಟೊಪ್ಪಿ, ಸನ್‌ಸ್ಕ್ರೀನ್. ಜುಲೈ ಎಂದು ಮೋಸಹೋಗದೆ ಒಂದು ಬೆಚ್ಚನೆಯ ಅಂಗಿ ಮತ್ತು ಮಳೆಯಂಗಿ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಆರೇಳು ಡಿಗ್ರಿ ಇಳಿಯುತ್ತದೆ. 2,642 ಮೀಟರ್ ಎತ್ತರದ ಗಾಲಿಬಿಯೆಯಂಥ ಕಣಿವೆದಾರಿಯಲ್ಲಿ ಮೋಡ ಕವಿದರೆ ಅರ್ಧ ಗಂಟೆಯಲ್ಲಿ ಕಾಲ ಬದಲಾಗುತ್ತದೆ. 2019ರಲ್ಲಿ ಇಸೆರಾನ್ ಏರು ದಾಟಿದ ಮೇಲೆ ಆಲಿಕಲ್ಲು ಬಿದ್ದು, ಮಣ್ಣು ಕುಸಿದು ಹಂತವನ್ನೇ ಅರ್ಧಕ್ಕೆ ನಿಲ್ಲಿಸಿದರು. ಇಸೆರಾನ್ ನೆತ್ತಿಯಲ್ಲಿ ದಾಖಲಾದ ಸಮಯವನ್ನೇ ಲೆಕ್ಕಕ್ಕೆ ಹಿಡಿದದ್ದರಿಂದ ಎಗಾನ್ ಬೆರ್ನಾಲ್‌ಗೆ ಹಳದಿ ಜೆರ್ಸಿ ಬಂತು. ಅಂದು ಮುಂದಿನ ಏರಿನಲ್ಲಿ ಕಾದಿದ್ದವರ ಮುಂದೆ ರೇಸ್ ಬರಲೇ ಇಲ್ಲ.

ಇನ್ನೆರಡು ವಸ್ತುಗಳು ಬಹಳ ಜನಕ್ಕೆ ಹೊಳೆಯುವುದಿಲ್ಲ. ಮೊದಲನೆಯದು ಎಫ್ಎಂ ಹಿಡಿಯುವ ಸಣ್ಣ ರೇಡಿಯೊ. ಬೆಟ್ಟದ ಒಂದೇ ರಸ್ತೆಯಲ್ಲಿ ಲಕ್ಷಾಂತರ ಮೊಬೈಲ್‌ಗಳು ಸೇರಿದಾಗ ನೆಟ್‌ವರ್ಕ್ ಕುಸಿಯುತ್ತದೆ, ರೇಸಿನ ಆ್ಯಪ್ ಬೇಕಾದ ಹೊತ್ತಿಗೇ ತೆರೆಯುವುದಿಲ್ಲ. ಫ್ರೆಂಚ್ ಬಾರದಿದ್ದರೂ ಸವಾರರ ಹೆಸರು ಮತ್ತು ನಿಮಿಷ-ಸೆಕೆಂಡಿನ ಅಂಕಿಗಳು ಕಿವಿಗೆ ಬಿದ್ದರೆ ಸಾಕು. ಎರಡನೆಯದು ಸವಾರರ ಪಟ್ಟಿಯ ಮುದ್ರಿತ ಪ್ರತಿ. ತಂಡಕ್ಕೆ ಎಂಟು ಜನ. ಮೊದಲ ತಂಡಕ್ಕೆ 1ರಿಂದ 8, ಮುಂದಿನದಕ್ಕೆ 11ರಿಂದ 18, ಹೀಗೆ. 1ರಲ್ಲಿ ಕೊನೆಯಾಗುವ ಸಂಖ್ಯೆ ಸಾಮಾನ್ಯವಾಗಿ ತಂಡದ ನಾಯಕನದು. ಹೆಲ್ಮೆಟ್ ಮತ್ತು ಕನ್ನಡಕದ ಹಿಂದೆ ಮುಖ ಗುರುತಾಗದಿದ್ದಾಗ ಬೆನ್ನಿನ ಈ ಸಂಖ್ಯೆಯೇ ಗತಿ.

ದಿನದ ವೇಳಾಪಟ್ಟಿಯನ್ನು ಮೂರು ಸರಾಸರಿ ವೇಗಗಳಿಗೆ ಲೆಕ್ಕ ಹಾಕಿ ಕೊಟ್ಟಿರುತ್ತಾರೆ. ನೀವು ನಿಂತ ಜಾಗದ ಸಾಲಿನಲ್ಲಿರುವ ಮೂರು ಸಮಯಗಳಲ್ಲಿ ಯಾವುದು ನಿಜವಾಗುತ್ತದೆ ಎಂಬುದು ಮೊದಲ ಒಂದೆರಡು ಗಂಟೆಯ ರೇಸ್ ಕೇಳಿದರೆ ಅಂದಾಜಾಗುತ್ತದೆ. ಸವಾರರಿಗಿಂತ ಸುಮಾರು ಎರಡು ಗಂಟೆ ಮೊದಲು ಜಾಹೀರಾತಿನ ಕ್ಯಾರವಾನ್ ಬರುತ್ತದೆ. 1930ರಿಂದ ಇರುವ ಪದ್ಧತಿ. ಅಲಂಕಾರದ ವಾಹನಗಳಿಂದ ಟೊಪ್ಪಿ, ತಿಂಡಿ, ಕೀಚೈನ್ ಎಸೆಯುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋದವರು ಇಲ್ಲಿ ಎಚ್ಚರದಿಂದಿರಬೇಕು: ಬಿದ್ದ ವಸ್ತು ಹೆಕ್ಕಲು ರಸ್ತೆಗೆ ಓಡಿದವರ ಎದುರಿಗೆ ಮುಂದಿನ ವಾಹನ ಆಗಲೇ ಬಂದಿರುತ್ತದೆ.

ಸವಾರರು ಬರುವ ಮೊದಲ ಸೂಚನೆ ಹೆಲಿಕಾಪ್ಟರ್. ಅದು ಕೆಳಗಿನ ಕಣಿವೆಯಲ್ಲಿ ಕೇಳಿಸಿದರೆ ಇನ್ನೂ ಸಮಯವಿದೆ. ತಲೆಯ ಮೇಲೆ ನಿಂತು ತಿರುಗತೊಡಗಿದರೆ ಮುಂಚೂಣಿ ಹತ್ತಿರದಲ್ಲಿದೆ. ಆಮೇಲೆ ಪೊಲೀಸ್ ಬೈಕುಗಳ ಸಾಲು, ರೇಸ್ ನಿರ್ದೇಶಕರ ಕೆಂಪು ಕಾರು, ಟಿವಿ ಬೈಕು, ಅಂತರ ಬರೆದ ಹಲಗೆ ಹಿಡಿದ ಬೈಕು. ಆ ಹಲಗೆ ಸವಾರರಿಗಾಗಿ, ಆದರೆ ಕಣ್ಣು ಚುರುಕಾಗಿದ್ದರೆ ನಿಮಗೂ ಓದಲು ಸಿಗುತ್ತದೆ. ಸಿಗದಿದ್ದರೆ ಸ್ವಂತ ಗಡಿಯಾರ ಇದೆಯಲ್ಲ. ತಿರುವಿನ ಫಲಕವನ್ನೇ ಗುರುತಾಗಿ ಇಟ್ಟುಕೊಂಡು ಮೊದಲನೆಯವನು ದಾಟಿದಾಗ ಸ್ಟಾಪ್‌ವಾಚ್ ಒತ್ತಿ, ಮುಂದಿನವರ ಸಮಯ ಓದುತ್ತ ಹೋಗಿ. 20 ಕಿ.ಮೀ. ವೇಗದಲ್ಲಿ ಹತ್ತು ಸೆಕೆಂಡೆಂದರೆ 55 ಮೀಟರ್, ಒಂದು ನಿಮಿಷವೆಂದರೆ 330 ಮೀಟರ್. ಬಯಲಿನಲ್ಲಿ ಗಾಳಿಯ ಮರೆಯಲ್ಲಿ ಮುಚ್ಚಿಬಿಡಬಹುದಾದ ಅಂತರವೇ ಇಲ್ಲಿ ಕಾಲಿನ ಬಲದಿಂದ ಮಾತ್ರ ಮುಚ್ಚಬೇಕಾದದ್ದು.

2022ರ ಜುಲೈ 14ರ ಹಂತ ಇದಕ್ಕೆ ಒಳ್ಳೆಯ ಉದಾಹರಣೆ. ಬ್ರಿಯಾನ್ಸೊನ್‌ನಿಂದ 165 ಕಿ.ಮೀ., ಗಾಲಿಬಿಯೆ, ಕ್ರ್ವಾ ದ ಫೇರ್, ಕೊನೆಗೆ ಆಲ್ಪ್ ದ್ಯುಎಜ್. ಗಾಲಿಬಿಯೆಯ ಇಳಿಜಾರಿನಲ್ಲಿ ಭಯವೇ ಇಲ್ಲದವನಂತೆ ಇಳಿದು ಮುಂದೆ ಹೋದ ಟಾಮ್ ಪಿಡ್‌ಕಾಕ್, 22ರ ಹುಡುಗ, ಕೊನೆಯ ಏರಿನಲ್ಲಿ ಜೊತೆಯವರನ್ನು ಬಿಟ್ಟು ಒಬ್ಬನೇ ಗೆದ್ದ. ಲೂಯಿ ಮೈಂಟ್ಯೆಸ್ ಎರಡನೆಯವನು, ಕ್ರಿಸ್ ಫ್ರೂಮ್ ಮೂರನೆಯವನು. ಪಿಡ್‌ಕಾಕ್ ದಾಟಿ ಮೂರು ನಿಮಿಷಕ್ಕಿಂತ ಸ್ವಲ್ಪ ಹೆಚ್ಚಾದ ಮೇಲೆ ಬಂದದ್ದು ಒಟ್ಟು ಸಮಯದ ಹೋರಾಟ. ಹಿಂದಿನ ದಿನವಷ್ಟೇ ಗ್ರಾನೊನ್ ಏರಿನಲ್ಲಿ ಹಳದಿ ಜೆರ್ಸಿ ಪಡೆದಿದ್ದ ಯೋನಸ್ ವಿಂಗೆಗೋರ್, ಅದನ್ನು ಕಳೆದುಕೊಂಡಿದ್ದ ತಾದೇ ಪೊಗಾಚಾರ್. ಪೊಗಾಚಾರ್ ಮೇಲಿನ ಭಾಗದಲ್ಲಿ ಮತ್ತೆ ಮತ್ತೆ ಜಿಗಿದರೂ ವಿಂಗೆಗೋರ್ ಅವನ ಚಕ್ರ ಬಿಡಲಿಲ್ಲ. ಒಂದೇ ರಸ್ತೆಯಲ್ಲಿ ಎರಡು ರೇಸ್: ಒಂದು ಆ ದಿನಕ್ಕೆ, ಇನ್ನೊಂದು ಮೂರು ವಾರಕ್ಕೆ. ಮುಂದಿದ್ದವರನ್ನು ಹಿಂದಿನವರು ಯಾಕೆ ಬೆನ್ನಟ್ಟಲಿಲ್ಲ ಎಂದು ಕೇಳುವ ಹೊಸ ಪ್ರೇಕ್ಷಕರಿಗೆ ಉತ್ತರ ಇದೇ. ಒಟ್ಟು ಸಮಯದಲ್ಲಿ ಬಹಳ ಹಿಂದಿರುವವನಿಗೆ ಮೂರು ನಿಮಿಷ ಬಿಟ್ಟುಕೊಟ್ಟರೆ ನಷ್ಟವಿಲ್ಲ. ಸಮಸಮ ಇರುವವನಿಗೆ ಹತ್ತು ಸೆಕೆಂಡ್ ಬಿಡುವಂತಿಲ್ಲ. 1989ರಲ್ಲಿ ಗ್ರೆಗ್ ಲೆಮಾಂಡ್ ಇಡೀ ಟೂರ್ ಗೆದ್ದದ್ದು ಎಂಟೇ ಸೆಕೆಂಡಿನಿಂದ.

ನಿಲ್ಲುವ ರೀತಿಯ ಬಗ್ಗೆ ಖಡಾಖಂಡಿತವಾಗಿ ಹೇಳಬೇಕು. 1999ರಲ್ಲಿ ಇದೇ ಏರಿನ ಕೊನೆಯಲ್ಲಿ ಫೋಟೊ ತೆಗೆಯಲು ನಡುರಸ್ತೆಗೆ ಬಂದ ಪ್ರೇಕ್ಷಕನೊಬ್ಬ ಜುಸೆಪ್ಪೆ ಗೆರಿನಿಯನ್ನು ಬೀಳಿಸಿದ. ಗೆರಿನಿ ಎದ್ದು ಗೆದ್ದದ್ದು ಅವನ ಪುಣ್ಯ. 2018ರಲ್ಲಿ ವಿನ್ಚೆಂಜೊ ನಿಬಾಲಿ ಜನಸಂದಣಿಯ ನಡುವೆ ಬಿದ್ದು, ಏರು ಮುಗಿಸಿದ ಮೇಲೆ ಬೆನ್ನುಮೂಳೆ ಮುರಿದದ್ದು ಗೊತ್ತಾಗಿ ಮನೆಗೆ ಹೋದ. 2016ರಲ್ಲಿ ಮಾನ್ ವಾಂತೂ ಏರಿನಲ್ಲಿ ಬಿರುಗಾಳಿಯಿಂದಾಗಿ ಮುಕ್ತಾಯವನ್ನು ಕೆಳಗೆ ತಂದರು. ಅಷ್ಟೂ ಜನ ಕಡಿಮೆ ಜಾಗದಲ್ಲಿ ಒತ್ತಿಕೊಂಡರು, ಟಿವಿ ಬೈಕು ನಿಂತುಬಿಟ್ಟಿತು, ಹಿಂದಿದ್ದವರು ಅದಕ್ಕೆ ಗುದ್ದಿದರು. ಫ್ರೂಮ್ ಹಳದಿ ಜೆರ್ಸಿಯಲ್ಲಿ ಸೈಕಲ್ ಇಲ್ಲದೆ ಓಡಿದ. ಆದ್ದರಿಂದ ಕ್ಯಾಮೆರಾ ಪಟ್ಟಿ ಕೈಗೆ ಸುತ್ತಿರಲಿ, ಬಾವುಟ ರಸ್ತೆಯ ಮೇಲೆ ಚಾಚದಿರಲಿ, ನಾಯಿಯ ಹಗ್ಗ ಬಿಗಿಯಾಗಿರಲಿ. ಮೊಬೈಲ್ ಪರದೆಯಲ್ಲಿ ಸವಾರ ಇರುವುದಕ್ಕಿಂತ ದೂರದಲ್ಲಿ ಕಾಣುತ್ತಾನೆ. ಅದನ್ನು ನಂಬಿ ಮುಂದೆ ಬಾಗಿದವರೇ ಹೆಚ್ಚು ತಾಗುವುದು. ಬಣ್ಣದ ಹೊಗೆ ಹಚ್ಚುವವರ ಮೇಲೆ ನನಗೆ ಸಿಟ್ಟಿದೆ. ಉಸಿರಿನ ಕೊನೆಯ ಮಿತಿಯಲ್ಲಿ ಇರುವವನ ಮುಖಕ್ಕೆ ಹೊಗೆ ಬಿಡುವುದು ಪ್ರೋತ್ಸಾಹ ಅಲ್ಲ. ಕೇಳದೆ ತಲೆಗೆ ನೀರು ಸುರಿಯಬೇಡಿ. ಬೆನ್ನು ಹಿಡಿದು ತಳ್ಳಲೂ ಬೇಡಿ, ತಳ್ಳಿಸಿಕೊಂಡವನಿಗೆ ದಂಡ ಬೀಳಬಹುದು.

ಹಳದಿ ಜೆರ್ಸಿ ದಾಟಿತು. ಪಕ್ಕದವರು ಕುರ್ಚಿ ಮಡಚುತ್ತಾರೆ. ಈಗ ನೋಡಬೇಕು. ನಾಯಕನಿಗಾಗಿ ಬುಡದಲ್ಲೇ ಶಕ್ತಿ ಸುರಿದು ಮುಗಿಸಿದ ಸಹಾಯಕರು ಒಬ್ಬೊಬ್ಬರೇ ಬರುತ್ತಾರೆ. ಅವರ ದಿನದ ಕೆಲಸ ಮುಗಿದಿದೆ, ಮೈ ನೆಟ್ಟಗಾಗಿದೆ, ಕೂಗಿದರೆ ತಿರುಗಿ ನೋಡುತ್ತಾರೆ. ಅವರ ಹಿಂದೆ ಎಷ್ಟೋ ನಿಮಿಷ ಬಿಟ್ಟು ಗ್ರುಪೆಟ್ಟೊ: ಭಾರದ ಮೈಯ ಸ್ಪ್ರಿಂಟರ್‌ಗಳು, ಬಿದ್ದು ಪಟ್ಟಿ ಕಟ್ಟಿಕೊಂಡವರು, ಜ್ವರ ಬಂದವರು, ಎಲ್ಲರೂ ಸೇರಿ ಒಂದೇ ಲಯದಲ್ಲಿ. ಇವರ ರೇಸ್ ಗಡಿಯಾರದ ಜೊತೆ. ಗೆದ್ದವನ ಸಮಯಕ್ಕೆ ಇಂತಿಷ್ಟು ಶೇಕಡಾ ಸೇರಿಸಿ ಗಡುವು ಕಟ್ಟುತ್ತಾರೆ. ಹಂತ ಕಷ್ಟವಾದಷ್ಟೂ, ಗೆದ್ದವನು ವೇಗವಾಗಿ ಬಂದಷ್ಟೂ ಆ ಶೇಕಡಾ ಹೆಚ್ಚು. ಗೆದ್ದವನಿಗೆ ಐದು ಗಂಟೆ ಹಿಡಿದು ಶೇ. 12 ನಿಗದಿಯಾಗಿದ್ದರೆ ಗಡುವು 36 ನಿಮಿಷ. ನಿಮ್ಮ ಸ್ಟಾಪ್‌ವಾಚ್ ಇನ್ನೂ ಓಡುತ್ತಿದ್ದರೆ ಈ ಲೆಕ್ಕ ನೀವೇ ಹಾಕಬಹುದು. ಅರ್ಧ ಏರಿನಲ್ಲಿ ನಿಂತಿದ್ದರೆ ಅಂತರ ಮೇಲೆ ಹೋದಂತೆ ಇನ್ನೂ ಬೆಳೆಯುತ್ತದೆ ಎಂಬುದನ್ನು ಮರೆಯಬಾರದು, ಅವರು ಏರುವುದು ನಿಧಾನವಾದ್ದರಿಂದ.

ಗಡುವು ಮೀರಿದವನು ಮರುದಿನ ಹೊರಡುವಂತಿಲ್ಲ. 2021ರಲ್ಲಿ ತೀನ್ಯ್ ಏರಿನ ಹಂತದಲ್ಲಿ ಅರ್ನೊ ದೆಮಾರ್ ಸೇರಿ ಹಲವರು ಹಾಗೆ ಹೊರಬಿದ್ದರು. ಅದೇ ದಿನ ಮಾರ್ಕ್ ಕ್ಯಾವೆಂಡಿಶ್ ಎರಡು ನಿಮಿಷಕ್ಕಿಂತ ಕಡಿಮೆ ಉಳಿದಿರುವಾಗ ಗೆರೆ ಮುಟ್ಟಿದ. ಆ ಟೂರ್‌ನಲ್ಲಿ ಅವನು ಬಯಲಿನಲ್ಲಿ ನಾಲ್ಕು ಹಂತ ಗೆದ್ದು, ಅಂಕಗಳಲ್ಲಿ ಮುಂದಿರುವವನ ಹಸಿರು ಜೆರ್ಸಿಯನ್ನು ಪ್ಯಾರಿಸ್‌ಗೆ ಒಯ್ದನೆಂದರೆ, ಬೆಟ್ಟಗಳಲ್ಲಿ ಅವನ ಜೊತೆ ಬಿಡದೆ ಹಿಂದೆ ಉಳಿದು ಲಯ ಹಿಡಿದು ಕರೆತಂದ ತಂಡದವರಿಗೆ ಅದರಲ್ಲಿ ಪಾಲಿದೆ. ಗೆಲುವಿನ ಈ ಭಾಗ ಟಿವಿಯಲ್ಲಿ ಹೆಚ್ಚಾಗಿ ಬರುವುದಿಲ್ಲ, ಆ ಹೊತ್ತಿಗೆ ಕ್ಯಾಮೆರಾ ವೇದಿಕೆಯ ಕಡೆ ತಿರುಗಿರುತ್ತದೆ. ರಸ್ತೆಬದಿಯಲ್ಲಿ ನಿಂತವರಿಗೆ ಮಾತ್ರ ಕಾಣುತ್ತದೆ. ಗಂಟಲು ಉಳಿದಿದ್ದರೆ ಅವರಿಗಾಗಿ ಕೂಗಿ. ಮುಂದಿನವರಿಗೆ ಸಿಕ್ಕಷ್ಟು ಕೂಗು ಇವರಿಗೆ ಸಿಗುವುದಿಲ್ಲ, ಬೇಕಾಗಿರುವುದು ಇವರಿಗೇ ಹೆಚ್ಚು.

ಕಟ್ಟಕಡೆಗೆ ರೇಸ್ ಬಿಟ್ಟವರನ್ನು ಹತ್ತಿಸಿಕೊಳ್ಳುವ ಬ್ರೂಮ್ ವ್ಯಾಗನ್, ಅದರ ಹಿಂದೆ ರೇಸ್ ಮುಗಿಯಿತೆಂದು ಸೂಚಿಸುವ ವಾಹನ. ಅವು ದಾಟುವವರೆಗೆ ರಸ್ತೆಗೆ ಇಳಿಯುವಂತಿಲ್ಲ. ದಾಟಿದ ಮೇಲೂ ಅವಸರ ಬೇಡ. ಮೇಲೆ ಮುಗಿಸಿದ ಸವಾರರಲ್ಲಿ ಕೆಲವರು ಜಾಕೆಟ್ ಹಾಕಿಕೊಂಡು, ಸೀಟಿ ಊದುತ್ತ, ಅದೇ ರಸ್ತೆಯಲ್ಲಿ ಕೆಳಗಿನ ಬಸ್ಸುಗಳ ಕಡೆ ಇಳಿದು ಬರುತ್ತಾರೆ. ಅದೇ ಹೊತ್ತಿಗೆ ಸಾವಿರಾರು ಜನ ನಡೆಯುತ್ತ, ಸೈಕಲ್‌ನಲ್ಲಿ, ಆಮೇಲೆ ಕ್ಯಾಂಪರ್ ವ್ಯಾನುಗಳಲ್ಲಿ ಹೊರಡುತ್ತಾರೆ. ಸೈಕಲ್‌ನಲ್ಲಿ ಇಳಿಯುವುದಾದರೆ ಬ್ರೇಕ್ ಮುಂಚೆಯೇ ಪರೀಕ್ಷಿಸಿಡಿ, ಚೀಲ ಬಿಗಿಯಿರಿ, ಬಲಬದಿಯಲ್ಲೇ ಇರಿ. ಕಾರು ಕಣಿವೆಯಲ್ಲಿದ್ದರೂ ಬೂರ್ ದ್ವಾಜಾನ್‌ನಿಂದ ಹೊರಬೀಳಲು ಎರಡು-ಮೂರು ಗಂಟೆ ಹಿಡಿದರೆ ಆಶ್ಚರ್ಯವಿಲ್ಲ. ಮರುದಿನದ ಹಂತವನ್ನೂ ನೋಡುವ ಆಸೆ ಇದ್ದವರು ಅದರ ಆರಂಭದ ಊರಿಗೇ ಹೋಗುವುದು ಒಳ್ಳೆಯದು. ಅಲ್ಲಿ ಸಹಿ ಹಾಕುವ ವೇದಿಕೆಯ ಬಳಿ ಬೆಳಿಗ್ಗೆ ಒಂದು ಗಂಟೆ ನಿಂತರೆ, ಹಿಂದಿನ ಸಂಜೆ ಗಡುವಿನೊಳಗೆ ಬಂದವರೆಲ್ಲರ ಮುಖವೂ ಹತ್ತಿರದಿಂದ ಕಾಣಸಿಗುತ್ತದೆ.