ಇವ್ರಿಗೆ ಹೆಂಗೆ ಗೊತ್ತಾತು ಅಂತ ಕೇಳು

"ಇವ್ರಿಗೆ ಹೆಂಗೆ ಗೊತ್ತಾತು ಅಂತ ಕೇಳು" ಅಂದರು ಅಮ್ಮ.

ಸರ್ಜನ್ ಎದುರಿಗೇ ಕೂತಿದ್ದಾರೆ. ಮಗಳ ಎಂಆರ್‌ಐ ಪರದೆ ಮೇಲಿದೆ. ನನ್ನ ಗಂಡ ಕೈ ಕಟ್ಟಿಕೊಂಡು ಗೋಡೆಗೆ ಒರಗಿದ್ದಾರೆ. ಅಮ್ಮ ಮಾತ್ರ ದಾವಣಗೆರೆಯ ಸೀರೆ ಅಂಗಡಿಯಲ್ಲಿ ಕೂತು, ಬಣ್ಣ ಹೋಗಲ್ಲ ಅನ್ನೋಕೆ ಏನಪ್ಪಾ ಗ್ಯಾರಂಟಿ ಅಂತ ಕೇಳುವ ಧಾಟಿಯಲ್ಲೇ ಕೇಳಿದರು. ಮಂಗಳವಾರದಿಂದ ಆ ಪ್ರಶ್ನೆ ನನ್ನ ತಲೆಯಿಂದ ಇಳಿದಿಲ್ಲ.

ಮಗಳಿಗೆ ಹದಿನಾರು. ಸಾಕರ್ ಆಡುವಾಗ ಎಸಿಎಲ್, ಅಂದರೆ ಮೊಣಕಾಲಿನೊಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್, ಹರಿದಿದೆ. ಯಾರೂ ಮುಟ್ಟಿರಲಿಲ್ಲ, ಯಾರೂ ತಳ್ಳಿರಲಿಲ್ಲ. ಓಡ್ತಾ ಓಡ್ತಾ ಗಕ್ಕನೆ ತಿರುಗಿದಳು, ಬಿದ್ದಳು, ಅಷ್ಟೇ. ಹೆಣ್ಣುಮಕ್ಕಳಿಗೆ ಇದು ಹೀಗೇ ಆಗುವುದು ಜಾಸ್ತಿಯಂತೆ.

ಆಪರೇಷನ್ ಮಾಡುವುದು ನಿಕ್ಕಿಯಾಗಿತ್ತು. ಚರ್ಚೆ ಇದ್ದದ್ದು ಹರಿದ ಲಿಗಮೆಂಟ್ ಜಾಗಕ್ಕೆ ಏನು ಹಾಕುವುದು ಅಂತ. ಅವಳದೇ ಕಾಲಿನ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ತೆಗೆದು ಹಾಕಬಹುದು, ಇಲ್ಲಾ ಸತ್ತ ದಾನಿಯೊಬ್ಬರಿಂದ ಬಂದದ್ದನ್ನು ಹಾಕಬಹುದು. ಹಾಗೆ ಹಾಕುವ ತುಂಡಿಗೆ ಗ್ರಾಫ್ಟ್ ಅನ್ನುತ್ತಾರೆ. ನನ್ನ ಗಂಡ ಮೂರು ರಾತ್ರಿ ಕೂತು ಓದಿ ದಾನಿಯದೇ ಒಳ್ಳೇದು ಅಂತ ತೀರ್ಮಾನ ಮಾಡಿಕೊಂಡು ಬಂದಿದ್ದರು. ನೋವು ಕಮ್ಮಿ, ಗಾಯ ಕಮ್ಮಿ, ಇರುವ ಒಳ್ಳೆ ಜಾಗವನ್ನು ಯಾಕೆ ಕೆಡಿಸಬೇಕು ಅನ್ನುವುದು ಅವರ ವಾದ. ಸಾಫ್ಟ್‌ವೇರ್‌ನವರಿಗೆ ಒಂದು ಕಾಯಿಲೆ, ಮೂರು ರಾತ್ರಿ ಓದಿದರೆ ಯಾವ ವಿಷಯವೂ ಗೊತ್ತಾಗುತ್ತದೆ ಅಂತ. ಇದನ್ನು ಅವರೂ ಓದುತ್ತಾರೆ, ಓದಲಿ.

ಸರ್ಜನ್ ಪೂರ್ತಿ ಕೇಳಿಸಿಕೊಂಡು, "ಹದಿನಾರು ವರ್ಷದವಳಿಗೆ ನಾನು ದಾನಿಯ ಗ್ರಾಫ್ಟ್ ಹಾಕುವುದಿಲ್ಲ" ಅಂದರು. ದನಿ ಏರಿಸಲಿಲ್ಲ, ಸಮಜಾಯಿಷಿಯನ್ನೂ ಕೊಡಲಿಲ್ಲ. ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಆಗಲೇ ಅಮ್ಮ ಹಾಗೆ ಕೇಳಿದ್ದು.

ನಾನು ಸ್ವಲ್ಪ ನಯ ಮಾಡಿ ಇಂಗ್ಲಿಷಿನಲ್ಲಿ ದಾಟಿಸಿದೆ. ಆದರೂ ಆಕೆಗೆ ಅಮ್ಮನ ಮುಖ ನೋಡಿಯೇ ಅರ್ಥವಾಯಿತು ಅಂತ ಕಾಣುತ್ತದೆ. ನಕ್ಕುಬಿಟ್ಟರು. ಕುರ್ಚಿಯನ್ನು ಅಮ್ಮನ ಕಡೆಗೇ ತಿರುಗಿಸಿಕೊಂಡು ಹೇಳಿದರು: "ಇದು ಒಬ್ಬೊಬ್ಬರಿಗೆ ಗೊತ್ತಾಗುವ ವಿಷಯ ಅಲ್ಲ. ಎಷ್ಟೋ ಜನ ಸರ್ಜನ್‌ಗಳು ಒಂದೇ ಫಾರ್ಮ್ ತುಂಬೋಕೆ ಒಪ್ಪಿಕೊಂಡರು. ಅದಕ್ಕೇ ಗೊತ್ತಾಯಿತು. ನನಗೆ ಕಲಿಸಿದವರೂ ಅದರಲ್ಲಿದ್ದರು."

ಅಮ್ಮ ತಲೆಯಾಡಿಸಿದರು. ಅವರಿಗೆ ಅಷ್ಟು ಸಾಕಾಯಿತು. ನನಗೆ ಸಾಕಾಗಲಿಲ್ಲ. ಸರ್ಜನ್‌ಗಳು ಒಂದೇ ಫಾರ್ಮ್ ತುಂಬೋಕೆ ಒಪ್ಪಿಕೊಂಡರಾ? ಎರಡು ಮನೆಯ ಬೀಗರು ಛತ್ರದ ಊಟದ ಮೆನು ಒಪ್ಪುವುದೇ ಕಷ್ಟ. ರಾತ್ರಿ ಕೂತು ಹುಡುಕಿದೆ. (ಹೌದು, ನಾನೂ.)

ಆಕೆ ಹೇಳಿದ್ದು ಎರಡು ದೊಡ್ಡ ಅಧ್ಯಯನಗಳ ಬಗ್ಗೆ. ಒಂದರ ಹೆಸರು ಮೂನ್, ಇನ್ನೊಂದು ಮಾರ್ಸ್. ಚಂದ್ರ, ಮಂಗಳ. ಡಾಕ್ಟರುಗಳಿಗೂ ಹೆಸರಿಡುವ ಖುಷಿ ಇರುತ್ತದೆ ನೋಡಿ. ಮೂನ್ ಮೊದಲ ಸಲ ಎಸಿಎಲ್ ಆಪರೇಷನ್ ಮಾಡಿಸಿಕೊಂಡವರನ್ನು ಹಿಂಬಾಲಿಸಿದ್ದು. ಮಾರ್ಸ್ ಅದು ಮತ್ತೆ ಹರಿದು ಎರಡನೇ ಸಲ ಟೇಬಲ್ ಹತ್ತಿದವರದು. ನನಗೆ ಹಿಡಿಸಿದ್ದು ಈ ಮಾರ್ಸ್ ಕಥೆ.

ಎರಡನೇ ಸಲದ ಆಪರೇಷನ್ ಮೊದಲಿನಷ್ಟು ಚೆನ್ನಾಗಿ ಆಗುವುದಿಲ್ಲ ಅಂತ ಎಲ್ಲ ಸರ್ಜನ್‌ಗಳಿಗೂ ಗೊತ್ತಿತ್ತು. ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ. ಯಾಕೆಂದರೆ ಒಬ್ಬ ಸರ್ಜನ್ ಹತ್ತಿರ ವರ್ಷಕ್ಕೆ ಅಂಥ ಕೇಸು ಬರುವುದೇ ಕೆಲವು. ಅಷ್ಟರಲ್ಲಿ ಏನು ಲೆಕ್ಕ ಹಾಕುತ್ತೀರಿ? ಪ್ರತಿಯೊಬ್ಬರೂ "ನನ್ನ ಅನುಭವದಲ್ಲಿ" ಅಂತ ಶುರು ಮಾಡುತ್ತಿದ್ದರು, ಒಬ್ಬೊಬ್ಬರ ಅನುಭವ ಒಂದೊಂದು ಥರ. ಆಗ ಕೈ ಹಾಕಿದ್ದು ಅವರದೇ ಸಂಘ, ಅಮೆರಿಕನ್ ಆರ್ಥೋಪೀಡಿಕ್ ಸೊಸೈಟಿ ಫಾರ್ ಸ್ಪೋರ್ಟ್ಸ್ ಮೆಡಿಸಿನ್. ಸೇಂಟ್ ಲೂಯಿಸ್‌ನ ಸರ್ಜನ್ ರಿಕ್ ರೈಟ್ ಮುಂದಾಳು. ಸಂಘ ದುಡ್ಡು ಕೊಟ್ಟಿತು, ಸದಸ್ಯರನ್ನು ಕೂರಿಸಿತು. ಕೊನೆಗೆ 52 ಕಡೆಯ 83 ಸರ್ಜನ್‌ಗಳು ಸೇರಿದರು, 1200ಕ್ಕೂ ಹೆಚ್ಚು ರೋಗಿಗಳಾದರು. ಇದರಲ್ಲಿ ಯೂನಿವರ್ಸಿಟಿಯವರು ಮಾತ್ರ ಅಲ್ಲ, ಸ್ವಂತ ಪ್ರಾಕ್ಟೀಸ್ ಮಾಡುವವರೂ ಹೆಚ್ಚುಕಡಿಮೆ ಅರ್ಧಕ್ಕರ್ಧ ಇದ್ದರು. ಒಬ್ಬೊಬ್ಬ ರೋಗಿಗೂ ಸರ್ಜನ್ ಪುಟಗಟ್ಟಲೆ ಫಾರ್ಮ್ ತುಂಬಬೇಕು. ಹಳೇ ಆಪರೇಷನ್ ಯಾಕೆ ಕೆಟ್ಟಿತು ಅಂತ ಬರೆಯಬೇಕು, ಅದು ತನ್ನದೇ ಕೈಕೆಲಸ ಆಗಿದ್ದರೂ. ಆಮೇಲೆ ಎರಡು ವರ್ಷ ಬಿಟ್ಟು ರೋಗಿಗಳನ್ನು ಹುಡುಕಿ ಕೇಳಬೇಕು. ಇಷ್ಟು ಕೆಲಸ ನಡೆದ ಮೇಲೆ ಸರ್ಕಾರದ ಆರೋಗ್ಯ ಸಂಸ್ಥೆ ಎನ್‌ಐಎಚ್ ಕೂಡ ದುಡ್ಡು ಹಾಕಿತು.

2014ರಲ್ಲಿ ಗ್ರಾಫ್ಟ್ ಬಗ್ಗೆ ಫಲಿತಾಂಶ ಬಂತು. ದಾನಿಯ ಟೆಂಡನ್ ಹಾಕಿಸಿಕೊಂಡವರಿಗಿಂತ ತಮ್ಮದೇ ಟೆಂಡನ್ ಹಾಕಿಸಿಕೊಂಡವರಲ್ಲಿ ಎರಡು ವರ್ಷದೊಳಗೆ ಮತ್ತೆ ಹರಿಯುವ ಸಾಧ್ಯತೆ 2.78 ಪಟ್ಟು ಕಮ್ಮಿ. ಮೂನ್‌ನವರು ಮೊದಲ ಸಲದವರ ಬಗ್ಗೆ 2011ರಲ್ಲೇ ಇಂಥದ್ದೇ ಮಾತು ಹೇಳಿದ್ದರು. ಅದರಲ್ಲಿ ದಾನಿಯ ಗ್ರಾಫ್ಟ್ ಹರಿಯುವ ಸಾಧ್ಯತೆ ನಾಲ್ಕು ಪಟ್ಟು, ಅತಿ ಹೆಚ್ಚು ಹರಿದದ್ದು 10ರಿಂದ 19 ವರ್ಷದವರಲ್ಲಿ. ನನ್ನ ಮಗಳು ಸರಿಯಾಗಿ ಅದರೊಳಗೆ ಬರುತ್ತಾಳೆ. ಗೋಡೆಗೆ ಒರಗಿದ್ದವರಿಗೆ ಇದನ್ನು ಓದಿ ಹೇಳಿದೆ, ಸುಮ್ಮನಾದರು.

ಆದರೆ ನಾನು ಎದ್ದು ಕೂತದ್ದು ಇನ್ನೊಂದು ಸಾಲು ಓದಿ. ಮಾರ್ಸ್‌ಗೆ ದುಡ್ಡು ಕೊಟ್ಟವರ ಪಟ್ಟಿಯಲ್ಲಿ ಮಸ್ಕ್ಯುಲೋಸ್ಕೆಲಿಟಲ್ ಟ್ರಾನ್ಸ್‌ಪ್ಲಾಂಟ್ ಫೌಂಡೇಶನ್ ಇದೆ. ದಾನಿಗಳ ಮೂಳೆ, ಟೆಂಡನ್ ಒದಗಿಸುವವರೇ ಅವರು! ತಾವು ಒದಗಿಸುವ ಮಾಲಿಗೇ ಪೆಟ್ಟು ಕೊಡುವ ಉತ್ತರ ಬಂತು, ಅದು ಅಚ್ಚೂ ಆಯಿತು, ಅದೂ ಸಂಘದ್ದೇ ಪತ್ರಿಕೆಯಲ್ಲಿ. ಆಪರೇಷನ್ ಸಾಮಾನು ಮಾರುವ ಕಂಪನಿಯ ದುಡ್ಡೂ ಇದೆ. ನನಗೆ ಕಂಪನಿ ದುಡ್ಡು ಅಂದರೆ ಮೊದಲಿಂದಲೂ ಅನುಮಾನ. ಸಂಘ ಅನ್ನುವುದು ನಡುವೆ ನಿಂತರೆ ಆ ದುಡ್ಡಿಗೆ ಸ್ವಲ್ಪ ಮೈ ತೊಳೆದಂತಾಗುತ್ತದೋ ಏನೋ. ಪೂರ್ತಿ ನಂಬುವುದಿಲ್ಲ, ಆದರೆ ಈ ಸಲ ಅದು ಕೆಲಸ ಮಾಡಿದ್ದು ಕಣ್ಣಿಗೆ ಕಾಣುತ್ತದೆ, ಅಲ್ವಾ?

ಈ ಸಂಘದ ಆಫೀಸು ಇರುವುದು ರೋಸ್‌ಮಾಂಟ್‌ನಲ್ಲಿ. ಶಿಕಾಗೋದ ಓಹೇರ್ ಏರ್‌ಪೋರ್ಟ್‌ನ ಪಕ್ಕ. ಊರಿಂದ ಬರುವ ನೆಂಟರನ್ನೆಲ್ಲ ಕರೆತರಲು ಹೋಗುವಾಗ ಆ ಕಡೆಯೇ ಹೋಗುತ್ತೇವೆ, ಅಮ್ಮನನ್ನು ಕರೆತಂದಾಗಲೂ. ಅದು ಶುರುವಾಗಿದ್ದು 1972ರಲ್ಲಿ. ಅದೇ ವರ್ಷ ಅಮೆರಿಕದಲ್ಲಿ ಟೈಟಲ್ ನೈನ್ ಕಾನೂನು ಬಂತು, ಶಾಲೆ ಕಾಲೇಜುಗಳಲ್ಲಿ ಹುಡುಗಿಯರು ಮೈದಾನಕ್ಕೆ ಇಳಿಯಲು ಬಾಗಿಲು ತೆರೆಯಿತು. ಎರಡಕ್ಕೂ ಸಂಬಂಧ ಇರಲಿಲ್ಲ. ಆದರೆ ಹುಡುಗಿಯರು ಲಕ್ಷಗಟ್ಟಲೆ ಆಡಲು ಬಂದ ಮೇಲೆ ತಾನೇ ಅವರ ಮೊಣಕಾಲು ಹುಡುಗರದಕ್ಕಿಂತ ಜಾಸ್ತಿ ಹರಿಯುತ್ತದೆ ಅಂತ ಗೊತ್ತಾಗಿದ್ದು.

ನಮ್ಮ ಸರ್ಜನ್ ಕೋಣೆಯಲ್ಲಿ ಒಂದು ಫೋಟೋ ಇತ್ತು. ಮೂರು ಜನ ಎಳೆಯರು, ಜೊತೆಗೆ ನೆರೆತ ತಲೆಯ ಒಬ್ಬರು, ಎಲ್ಲರಿಗೂ ಒಂದೇ ಥರ ಟೈ. ಮದುವೆ ದಿಬ್ಬಣ ಅಂದುಕೊಂಡಿದ್ದೆ. ಅದು ಸಂಘದವರ ಟ್ರಾವೆಲಿಂಗ್ ಫೆಲೋಶಿಪ್ ಅಂತೆ. ಮೂವರು ಯುವ ಸರ್ಜನ್‌ಗಳನ್ನು ಆರಿಸಿ ಯುರೋಪಿಗೋ ಏಷ್ಯಾಕ್ಕೋ ದಕ್ಷಿಣ ಅಮೆರಿಕಕ್ಕೋ ಕಳಿಸುತ್ತಾರೆ. ಊರೂರು ಸುತ್ತಿ ಅಲ್ಲಿನವರ ಆಪರೇಷನ್ ನೋಡುವುದು, ತಮ್ಮ ಕೆಲಸ ಹೇಳುವುದು. ಜೊತೆಗೆ ಹೋಗುವ ಹಿರಿಯರಿಗೆ ಗಾಡ್‌ಫಾದರ್ ಅಂತಲೇ ಹೆಸರು. ಅಲ್ಲಿಂದಲೂ ಅದೇ ರೀತಿ ಇಲ್ಲಿಗೆ ಬರುತ್ತಾರೆ. ನನಗೆ ಇದು ಬಹಳ ಇಷ್ಟವಾಯಿತು. ಸರ್ಜನ್‌ಗಳ ಅಹಂಕಾರ ಎಂಥದ್ದು ಅಂತ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಯಾವ ನರ್ಸನ್ನು ಕೇಳಿದರೂ ಹೇಳುತ್ತಾರೆ. ಅಂಥವರು ಇನ್ನೊಬ್ಬರ ಥಿಯೇಟರ್‌ನಲ್ಲಿ ಕೈ ಕಟ್ಟಿ ನಿಂತು ನೋಡಬೇಕು.

ಅಮ್ಮ ಆ ಪ್ರಶ್ನೆ ಕೇಳಿದ್ದಕ್ಕೆ ಕಾರಣ ಇದೆ. ನನ್ನ ಚಿಕ್ಕಪ್ಪನ ಮಗ ಕಬಡ್ಡಿ ಆಡುತ್ತಿದ್ದ. ಹರಿಹರದ ಕಡೆ ಅವನ ಹೆಸರು ಹೇಳಿದರೆ ಈಗಲೂ ಕೆಲವರಿಗೆ ಗೊತ್ತು. ಒಂದು ಟೂರ್ನಮೆಂಟ್‌ನಲ್ಲಿ ಮೊಣಕಾಲು ಹೋಯಿತು. ಉಳುಕು ಅಂದರು, ಎಣ್ಣೆ ತಿಕ್ಕಿದರು. ನಾಟಿ ವೈದ್ಯರು ಕಟ್ಟು ಹಾಕಿದರು. ಆಮೇಲೆ ಒಬ್ಬ ಡಾಕ್ಟರು ಆರು ವಾರ ಅಂದರು, ಇನ್ನೊಬ್ಬರು ಆಪರೇಷನ್ ಅಂದರು, ಮತ್ತೊಬ್ಬರು ಆಟ ಬಿಟ್ಟರೆ ಸಾಕು ಅಂದರು. ಎಲ್ಲರೂ ಖಚಿತವಾಗಿಯೇ ಹೇಳಿದರು. ಅಮ್ಮನೇ ಅವನ ಜೊತೆ ಆಸ್ಪತ್ರೆಗೆ ಓಡಾಡಿದ್ದು, ಅವನಿಗೆ ತಾಯಿ ಇರಲಿಲ್ಲ. ಈಗ ಅವನು ಮೆಟ್ಟಿಲು ಇಳಿಯುವಾಗ ಕಟಕಟೆ ಹಿಡಿದೇ ಇಳಿಯುತ್ತಾನೆ. ಆ ಮೂವರಲ್ಲಿ ಒಬ್ಬರಾದರೂ ಎರಡು ವರ್ಷ ಆದ ಮೇಲೆ ಫೋನ್ ಮಾಡಿ "ಹೇಗಿದೆಯಪ್ಪಾ ಕಾಲು" ಅಂತ ಕೇಳಿದರಾ? ಕೇಳುವ ಪದ್ಧತಿಯೇ ಇರಲಿಲ್ಲ. ಕೇಳದಿದ್ದರೆ ತಾನು ಹೇಳಿದ್ದು ಸರಿಯೋ ತಪ್ಪೋ ಅಂತ ಆ ಡಾಕ್ಟರಿಗಾದರೂ ಹೇಗೆ ಗೊತ್ತಾಗಬೇಕು? ಅವರು ಕೆಟ್ಟವರಲ್ಲ. ಒಬ್ಬಂಟಿ, ಅಷ್ಟೇ. ಭಾರತದಲ್ಲೂ ಇಂಡಿಯನ್ ಆರ್ತ್ರೋಸ್ಕೋಪಿ ಸೊಸೈಟಿ ಇದೆ, ವರ್ಷಕ್ಕೊಮ್ಮೆ ಸೇರುತ್ತಾರೆ, ಫೆಲೋಶಿಪ್ ಕೊಡುತ್ತಾರೆ. ಊರಿನ ಕಬಡ್ಡಿ ಹುಡುಗರ ಮೊಣಕಾಲು ಯಾವ ಫಾರ್ಮ್‌ನಲ್ಲಾದರೂ ಬರೆದುಕೊಳ್ಳುವ ಕಾಲ ಬೇಗ ಬರಲಿ ಅಂತ ಆಸೆ.

ಇಲ್ಲೂ ಎಲ್ಲಾ ಸರಿ ಇದೆ ಅಂತಲ್ಲ. ಫಾರ್ಮ್ ತುಂಬಿ, ಲೆಕ್ಕ ಹಾಕಿ, ಅಚ್ಚು ಹಾಕಿಸಿದ್ದು ಮೈದಾನಕ್ಕೆ ಬರುವುದೇ ಇಲ್ಲ. ಇದೇ ಸಂಘದ ದೊಡ್ಡ ಪತ್ರಿಕೆ ಅಮೆರಿಕನ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ 2005ರಲ್ಲೇ ಒಂದು ಅಧ್ಯಯನ ಬಂದಿದೆ. ದಕ್ಷಿಣ ಕ್ಯಾಲಿಫೋರ್ನಿಯಾದ 14ರಿಂದ 18 ವರ್ಷದ ಸಾಕರ್ ಹುಡುಗಿಯರದು. ಆಟದ ಮುಂಚೆ ಸುಮ್ನೆ ಮೈದಾನ ಸುತ್ತುವ ಬದಲು ಇಪ್ಪತ್ತು ನಿಮಿಷದ ಒಂದು ಕ್ರಮ ಮಾಡಿಸಿದರು. ಹಾರಿ ಮೆತ್ತಗೆ ಇಳಿಯುವುದು, ಮಂಡಿ ಒಳಕ್ಕೆ ಬಾಗದ ಹಾಗೆ ತಿರುಗುವುದು, ತೊಡೆಗೆ ಬಲ ಬರುವ ವ್ಯಾಯಾಮ, ಇಂಥವು. ಎಸಿಎಲ್ ಹರಿಯುವುದು ಮೊದಲ ವರ್ಷ ಶೇ. 88, ಎರಡನೇ ವರ್ಷ ಶೇ. 74 ಕಮ್ಮಿಯಾಯಿತು. ಯಾವ ಮಷೀನೂ ಬೇಡ, ಖರ್ಚೂ ಇಲ್ಲ. ಮಕ್ಕಳ ಗಾಯ ತಡೆಯಲು ಸಂಘ ದೊಡ್ಡ ಪ್ರಚಾರವನ್ನೂ ಮಾಡಿತು. ಹತ್ತು ಹನ್ನೆರಡು ವರ್ಷಕ್ಕೇ ಒಂದೇ ಆಟಕ್ಕೆ ಕಟ್ಟಿಹಾಕಬೇಡಿ ಅಂತ 2016ರಲ್ಲಿ ಎಚ್ಚರಿಕೆ ಹೇಳಿಕೆಯನ್ನೂ ಹೊರಡಿಸಿತು.

ನಮ್ಮ ಕ್ಲಬ್ಬಿನ ಕೋಚ್ ಒಳ್ಳೆಯ ಹುಡುಗ. ಆದರೆ ಅವನ ವಾರ್ಮ್-ಅಪ್ ಅಂದರೆ ಎರಡು ಸುತ್ತು ಓಟ, ಕಾಲು ಹಿಡಿದು ಎಳೆದುಕೊಳ್ಳುವುದು, ನಡುವೆ ಅವನ ಫೋನು. ವರ್ಷದ ಹನ್ನೆರಡು ತಿಂಗಳೂ ಆಟ, ಬೇರೆ ಆಟಕ್ಕೆ ಹೋದರೆ ಟೀಮಿನಲ್ಲಿ ಜಾಗ ಗ್ಯಾರಂಟಿ ಇಲ್ಲ. ಅಪ್ಪ ಅಮ್ಮಂದಿರು ಸಾವಿರಾರು ಡಾಲರ್ ಫೀಸು ಕಟ್ಟಿ, ಮಡಚುವ ಕುರ್ಚಿ ಹಾಕಿಕೊಂಡು ಕೂತು, ಸ್ಕಾಲರ್‌ಶಿಪ್ ಮಾತಾಡುತ್ತಾರೆ. ಅವರ ಪಕ್ಕ ನಮ್ಮ ಕುರ್ಚಿಗಳೂ ಇರುತ್ತವೆ, ಸರಿ. ಆದರೆ ಈ ಸೀಸನ್‌ನಲ್ಲಿ ಇದು ಆ ಟೀಮಿನ ಎರಡನೇ ಎಸಿಎಲ್. ಮೊದಲನೆಯದಾದಾಗ ಎಲ್ಲರೂ ಸೇರಿ ಹೂಗುಚ್ಛ ಕಳಿಸಿದೆವು, ವಾರ್ಮ್-ಅಪ್ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ.

ಗುರುವಾರ ಆ 2005ರ ಅಧ್ಯಯನವನ್ನು ಕೋಚ್‌ಗೂ ಮ್ಯಾನೇಜರ್‌ಗೂ ಕಳಿಸಿದೆ. ಅಮ್ಮನ ಪ್ರಶ್ನೆಯನ್ನೂ ಸೇರಿಸಬೇಕು ಅನಿಸಿತ್ತು, ಸೇರಿಸಲಿಲ್ಲ. ಕೋಚ್ ಅರ್ಧ ಗಂಟೆಯಲ್ಲೇ ಉತ್ತರಿಸಿದ, ಖುಷಿಯಾಗಿಯೇ: ಖಂಡಿತ ಮಾಡಿಸುತ್ತೇನೆ, ಆದರೆ ಮೈದಾನ ನಮಗೆ ಬಾಡಿಗೆಗೆ ಇರುವುದು ಒಂದೂವರೆ ಗಂಟೆ ಮಾತ್ರ, ಆಟದ ಅಭ್ಯಾಸ ಕಮ್ಮಿಯಾದರೆ ಪೋಷಕರು ಬೇಜಾರು ಮಾಡಿಕೊಳ್ಳುತ್ತಾರೆ, ಹಾಗಾಗಿ ಎಲ್ಲರೂ ಇಪ್ಪತ್ತು ನಿಮಿಷ ಮುಂಚೆ ಬಂದು ಪಾರ್ಕಿಂಗ್ ಪಕ್ಕದ ಹುಲ್ಲಿನಲ್ಲಿ ಮಾಡಲಿ, ಮುಂದಿನ ಮಂಗಳವಾರದಿಂದಲೇ ಶುರು. ಮ್ಯಾನೇಜರ್ ಅದನ್ನು ಗುಂಪಿಗೆ ಹಾಕಿದರು. ಈಗ ಶನಿವಾರ ರಾತ್ರಿ. ಆಫೀಸು ಬಿಟ್ಟು ಅಷ್ಟು ಬೇಗ ಬರೋಕೆ ಆಗಲ್ಲ ಅಂತ ಏಳು ಜನ ಬರೆದಿದ್ದಾರೆ. ಮೂರು ಜನ ಹೆಬ್ಬೆರಳು ಎತ್ತಿದ್ದಾರೆ, ಅದರಲ್ಲಿ ಒಬ್ಬರು ಮೊದಲು ಎಸಿಎಲ್ ಹರಿದುಕೊಂಡ ಹುಡುಗಿಯ ಅಪ್ಪ.