ಒಂದೇ ಐಪಿ, ಹಲವು ಹೆಸರು

ನಾನು ನೋಡಿಕೊಳ್ಳುವ ಪುಟ್ಟ ಸರ್ವರ್ ಒಂದರಲ್ಲಿ ನಾಲ್ಕು ಸೈಟ್‌ಗಳಿವೆ. ಒಂದು ಗ್ರಂಥಾಲಯದ ಪುಸ್ತಕಗಳ ಪಟ್ಟಿ. ಅದು ಜಾವಾದಲ್ಲಿ ಬರೆದದ್ದು, ಟಾಮ್‌ಕ್ಯಾಟ್ ಎಂಬ ಜಾವಾ ಸರ್ವರ್ ಮೇಲೆ ನಡೆಯುತ್ತದೆ. ಇನ್ನೊಂದು ನಾಟಕ ತಂಡದ ಸೈಟ್, ಪೈಥಾನ್‌ನ ಜ್ಯಾಂಗೋ ಫ್ರೇಮ್‌ವರ್ಕ್‌ನಲ್ಲಿದೆ, ಗುನಿಕಾರ್ನ್ ಎಂಬ ಸರ್ವರ್ ಅದನ್ನು ಓಡಿಸುತ್ತದೆ. ಮೂರನೆಯದು ಗೆಳೆಯರೆಲ್ಲ ಸೇರಿ ಟಿಪ್ಪಣಿ ಬರೆಯುವ, ಜಾವಾಸ್ಕ್ರಿಪ್ಟ್‌ನಲ್ಲಿರುವ ನೋಡ್ ಆಪ್. ಕೊನೆಯದು ನನ್ನ ಫೋಟೊಗಳ ಪುಟ, ಬರೀ ಎಚ್‌ಟಿಎಂಎಲ್ ಫೈಲ್‌ಗಳು. ನಾಲ್ಕಕ್ಕೂ ಬೇರೆ ಬೇರೆ ಡೊಮೇನ್. ಯಂತ್ರವನ್ನು ಇಂಟರ್ನೆಟ್‌ನಲ್ಲಿ ಗುರುತಿಸುವ ಐಪಿ ವಿಳಾಸ ಮಾತ್ರ ಒಂದೇ. ಎಲ್ಲದರ ಮುಂದೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ನಿಂತಿದೆ. ಬಂದ ರಿಕ್ವೆಸ್ಟನ್ನು ಪಡೆದು ಸರಿಯಾದ ಸೈಟ್‌ಗೆ ದಾಟಿಸುವುದು ಅದರ ಕೆಲಸ; ಹೀಗೆ ನಡುವೆ ನಿಲ್ಲುವ ಸರ್ವರನ್ನು ಪ್ರಾಕ್ಸಿ ಎನ್ನುತ್ತಾರೆ.

ಹೀಗೆ ಮಾಡುವುದು ಹೇಗೆ ಎಂದು ಕೇಳುವವರಿಗೆ ಹತ್ತು ಸಾಲಿನ ಕಾನ್ಫಿಗ್ ಫೈಲ್ ಎಲ್ಲೆಲ್ಲೂ ಸಿಗುತ್ತದೆ. ಆ ಹತ್ತು ಸಾಲು ಏನು ಮಾಡುತ್ತವೆ ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ ಎಂಬುದೇ ನನ್ನ ತಕರಾರು. ಇಡೀ ವ್ಯವಸ್ಥೆ ನಿಂತಿರುವುದು ಒಂದೇ ಸಂಗತಿಯ ಮೇಲೆ: ಹಿಂದೆ ಕೂತ ಅಪ್ಲಿಕೇಶನ್ ಸರ್ವರ್‌ಗೆ ಹೊರಗಿನದ್ದು ಏನೂ ಕಾಣುವುದಿಲ್ಲ. ಯಾರು ಬಂದರು, ಯಾವ ಹೆಸರು ಹಿಡಿದು ಬಂದರು, ಗುಪ್ತಲಿಪಿಯ ಎಚ್‌ಟಿಟಿಪಿಎಸ್‌ನಲ್ಲಿ ಬಂದರೋ ಇಲ್ಲವೋ, ಎಲ್ಲವೂ ಮುಂದಿನ ಸರ್ವರ್ ಹೇಳಿದರಷ್ಟೇ ಗೊತ್ತು. ಕಣ್ಣು ಕಾಣದ ಹಿರಿಯರಿಗೆ ಬಾಗಿಲಲ್ಲಿ ನಿಂತವರು ಬಂದವರ ಹೆಸರು ಹೇಳುವ ಹಾಗೆ. ಹೇಳಿದ್ದು ನಿಜವಾಗಿರಬೇಕು, ಪೂರ್ತಿಯಾಗಿರಬೇಕು, ಬೇರೆ ಬಾಗಿಲಿನಿಂದ ಯಾರೂ ಒಳಗೆ ಬರಬಾರದು.

ಮೊದಲು ಹೆಸರಿನ ವಿಷಯ. ಬ್ರೌಸರ್ ಮತ್ತು ಸರ್ವರ್ ಮಾತಾಡುವ ಭಾಷೆಯಾದ ಎಚ್‌ಟಿಟಿಪಿಯ 1.0 ಆವೃತ್ತಿಯ ಕಾಲದಲ್ಲಿ ಬ್ರೌಸರ್ ಸರ್ವರ್‌ಗೆ ಕಳಿಸಬೇಕಾಗಿದ್ದದ್ದು ಪುಟದ ದಾರಿ ಮಾತ್ರ. 'ಈ ಫೈಲ್ ಕೊಡು' ಎಂದರೆ ಸಾಕು, ಯಾವ ಸೈಟ್‌ನ ಫೈಲ್ ಎಂದು ಹೇಳಬೇಕೆಂಬ ನಿಯಮವಿರಲಿಲ್ಲ. ಹಾಗಾಗಿ ಪ್ರತಿ ಸೈಟ್‌ಗೂ ಒಂದೊಂದು ಐಪಿ ಬೇಕಾಗುತ್ತಿತ್ತು. 1997ರ ಜನವರಿಯಲ್ಲಿ ಬಂದ ಎಚ್‌ಟಿಟಿಪಿ 1.1ರ ಮೊದಲ ಆರ್‌ಎಫ್‌ಸಿ (ಇಂಟರ್ನೆಟ್ ನಿಯಮಗಳ ದಾಖಲೆ), 2068, ಹೋಸ್ಟ್ ಹೆಡರ್ ಅನ್ನು, ಅಂದರೆ ಯಾವ ಸೈಟ್ ಬೇಕೆಂದು ರಿಕ್ವೆಸ್ಟ್ ಜೊತೆ ಹೇಳುವ ಸಾಲನ್ನು, ಕಡ್ಡಾಯ ಮಾಡಿತು. ಅದಿಲ್ಲದೆ ಬಂದ 1.1 ರಿಕ್ವೆಸ್ಟ್‌ಗೆ ಸರ್ವರ್ 400, ಅಂದರೆ ರಿಕ್ವೆಸ್ಟ್ ಸರಿಯಿಲ್ಲ, ಎಂದು ಉತ್ತರಿಸಲೇಬೇಕು. ಐಪಿವಿ4ರಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸಗಳು. ಅವುಗಳ ಜಾಗತಿಕ ದಾಸ್ತಾನಿನ ಕೊನೆಯ ಕಂತು 2011ರ ಫೆಬ್ರವರಿಯಲ್ಲಿ ಹಂಚಿಹೋಯಿತು. ಸೈಟಿಗೊಂದು ಐಪಿ ಎಂಬ ಪದ್ಧತಿಯೇ ಮುಂದುವರಿದಿದ್ದರೆ ಆ ದಿನ ಎಷ್ಟೋ ಮೊದಲೇ ಬರುತ್ತಿತ್ತು. ನನ್ನಂಥವರು ನಾಲ್ಕು ಸೈಟ್‌ಗಳನ್ನು ಒಂದು ಚಿಕ್ಕ ಯಂತ್ರದಲ್ಲಿ ಇಡಲು ಸಾಧ್ಯವಾಗಿರುವುದು ಆ ಒಂದು ಸಾಲಿನ ಹೆಡರ್‌ನಿಂದ. ಅದರ ಮೇಲೆ ನನಗೆ ನಿಜವಾದ ಕೃತಜ್ಞತೆಯಿದೆ.

ಟಾಮ್‌ಕ್ಯಾಟ್‌ಗೂ ಹೆಸರು ನೋಡಿ ಸೈಟ್ ಆರಿಸುವುದು ಬರುತ್ತದೆ. ಅದರ ಸರ್ವರ್ ಡಾಟ್ ಎಕ್ಸ್‌ಎಂಎಲ್ ಫೈಲ್‌ನಲ್ಲಿ ಒಂದೊಂದು ಹೆಸರಿಗೂ ಒಂದೊಂದು ಹೋಸ್ಟ್ ಬರೆದು, ಬೇರೆ ಬೇರೆ ಆಪ್ ಬೇಸ್ (ಆಪ್‌ಗಳಿರುವ ಫೋಲ್ಡರ್) ಕೊಟ್ಟರಾಯಿತು. ಎಲ್ಲ ಸೈಟ್‌ಗಳೂ ಜಾವಾದ್ದೇ ಆಗಿದ್ದರೆ ಅಷ್ಟೇ ಸಾಕೆನ್ನಬಹುದು. ನನ್ನಲ್ಲಿ ಜಾವಾ, ಪೈಥಾನ್, ನೋಡ್ ಮೂರೂ ಇವೆ. ಪೋರ್ಟ್ ಎಂದರೆ ಯಂತ್ರದ ಸಂಖ್ಯೆ ಹಾಕಿದ ಬಾಗಿಲು. ಬ್ರೌಸರ್‌ಗಳು ಬರುವ 80 (ಎಚ್‌ಟಿಟಿಪಿ) ಮತ್ತು 443ನೇ (ಎಚ್‌ಟಿಟಿಪಿಎಸ್) ಪೋರ್ಟ್‌ಗಳನ್ನು ಮೂವರೂ ಹಿಡಿದು ಕೂರಲಾಗದು. ಮೇಲಾಗಿ ಲಿನಕ್ಸ್‌ನಲ್ಲಿ 1024ಕ್ಕಿಂತ ಕೆಳಗಿನ ಪೋರ್ಟ್ ತೆರೆಯಲು ಸಾಮಾನ್ಯವಾಗಿ ರೂಟ್, ಅಂದರೆ ಯಂತ್ರದ ಮೇಲಿನ ಪೂರ್ಣ, ಅಧಿಕಾರ ಬೇಕು. ಆ ಅಧಿಕಾರವನ್ನು ಮೂರು ಅಪ್ಲಿಕೇಶನ್‌ಗಳಿಗೆ ಹಂಚುವುದು ನನಗೆ ಇಷ್ಟವಿಲ್ಲ. ಎಂಜಿನ್‌ಎಕ್ಸ್ ಒಂದಕ್ಕೇ ಅದನ್ನು ಕೊಟ್ಟು, ಉಳಿದವು 8080, 8000, 3000ದಲ್ಲಿ ತಮ್ಮಷ್ಟಕ್ಕೆ ಇರಲಿ ಎಂದು ಬಿಟ್ಟಿದ್ದೇನೆ. ಯಾವ ಪೋರ್ಟ್ ಯಾರದ್ದು ಎಂದು ಒಂದು ಟೆಕ್ಸ್ಟ್ ಫೈಲ್‌ನಲ್ಲಿ ಬರೆದಿಟ್ಟಿದ್ದೇನೆ. ಆ ಫೈಲ್ ಇಲ್ಲದೆ ಹೊಸ ಸೈಟ್ ಸೇರಿಸಲು ನಾನು ಒಪ್ಪುವುದಿಲ್ಲ.

ಇನ್ನೊಂದು ಕಾರಣಕ್ಕೆ ಇದಕ್ಕಿಂತ ಹೆಚ್ಚು ತೂಕವಿದೆ. ಗುನಿಕಾರ್ನ್‌ನ ಸಾಮಾನ್ಯ ವರ್ಕರ್ (ಕೆಲಸ ಮಾಡುವ ಪ್ರೊಸೆಸ್) ಒಂದು ಸಲಕ್ಕೆ ಒಂದೇ ರಿಕ್ವೆಸ್ಟ್ ನೋಡಿಕೊಳ್ಳುತ್ತದೆ. ಪ್ರೊಸೆಸರ್ ಕೋರ್‌ಗಳ ಎರಡರಷ್ಟಕ್ಕೆ ಒಂದು ಸೇರಿಸಿ ವರ್ಕರ್ ಇಡಿ ಎಂಬುದು ಗುನಿಕಾರ್ನ್‌ನವರದ್ದೇ ಸಲಹೆ. ನನ್ನ ಯಂತ್ರಕ್ಕೆ ಎರಡು ಕೋರ್, ಅಂದರೆ ಐದು ವರ್ಕರ್. ನಾಟಕ ತಂಡದ ಐವರು ಸಿಗ್ನಲ್ ಸರಿಯಿಲ್ಲದ ಜಾಗದಿಂದ ತಾಲೀಮಿನ ಫೋಟೊ ಹಾಕಲು ಕೂತರೆ ಐದೂ ವರ್ಕರ್‌ಗಳು ಅವರಿಗೇ ಕಾಯುತ್ತ ನಿಲ್ಲುತ್ತವೆ. ಆರನೆಯವರಿಗೆ ಮುಖಪುಟವೂ ತೆರೆಯುವುದಿಲ್ಲ. ಎಂಜಿನ್‌ಎಕ್ಸ್ ಮುಂದಿದ್ದರೆ ಆ ನಿಧಾನದ ಫೋಟೊವನ್ನು ಅದೇ ಪೂರ್ತಿ ಪಡೆದುಕೊಂಡು, ಆಮೇಲೆ ಒಮ್ಮೆಲೇ ಹಿಂದಕ್ಕೆ ದಾಟಿಸುತ್ತದೆ. ಉತ್ತರವನ್ನೂ ಹಾಗೆಯೇ ಇಸಿದುಕೊಂಡು ವರ್ಕರನ್ನು ಬಿಡುಗಡೆ ಮಾಡಿ, ತಾನು ನಿಧಾನವಾಗಿ ಓದುಗರಿಗೆ ಕೊಡುತ್ತದೆ. ಹೀಗೆ ಕಾಯುವುದೇ ಅದರ ಕಸುಬು. ಒಂದೇ ಯಂತ್ರ ಹತ್ತು ಸಾವಿರ ಸಂಪರ್ಕಗಳನ್ನು ಒಟ್ಟಿಗೆ ಹಿಡಿದಿಡುವುದು ಹೇಗೆ ಎಂಬ ಪ್ರಶ್ನೆಯನ್ನು ಡ್ಯಾನ್ ಕೆಗೆಲ್ 1999ರಲ್ಲಿ ಸಿ10ಕೆ ಎಂಬ ಹೆಸರಲ್ಲಿ ಮುಂದಿಟ್ಟಿದ್ದರು. ಇಗೊರ್ ಸಿಸೊಯೆವ್ ಎಂಜಿನ್‌ಎಕ್ಸ್ ಬರೆಯತೊಡಗಿದ್ದು 2002ರಲ್ಲಿ, ಹೊರಗೆ ಬಿಟ್ಟದ್ದು 2004ರಲ್ಲಿ. ಸಂಪರ್ಕಕ್ಕೊಂದು ಪ್ರೊಸೆಸ್ ಎಂದು ಮೀಸಲಿಡದೆ, ಕೆಲವೇ ಪ್ರೊಸೆಸ್‌ಗಳು ಸಾವಿರಾರು ಸಂಪರ್ಕಗಳ ಮೇಲೆ ಕಣ್ಣಿಡುವ ರೀತಿ ಅದು.

ಈಗ ಹೆಡರ್‌ಗಳಿಗೆ ಬರೋಣ, ಎಲ್ಲ ಗೋಜಲು ಹುಟ್ಟುವುದು ಇಲ್ಲೇ.

ರಿಕ್ವೆಸ್ಟನ್ನು ಇಂಥ ವಿಳಾಸಕ್ಕೆ ದಾಟಿಸು ಎನ್ನುವ ಪ್ರಾಕ್ಸಿ ಪಾಸ್ ಎಂಬ ಒಂದೇ ಸಾಲು ಬರೆದು ಬಿಟ್ಟರೆ, ಎಂಜಿನ್‌ಎಕ್ಸ್ ಹಿಂದಕ್ಕೆ ಕಳಿಸುವ ಹೋಸ್ಟ್ ಹೆಡರ್‌ನಲ್ಲಿ ಓದುಗರು ಟೈಪ್ ಮಾಡಿದ ಹೆಸರು ಇರುವುದಿಲ್ಲ. ಆ ಸಾಲಿನಲ್ಲಿ ಬರೆದ ವಿಳಾಸವೇ ಇರುತ್ತದೆ, ಅಂದರೆ ಅದೇ ಯಂತ್ರವನ್ನು ಸೂಚಿಸುವ 127.0.0.1 ಮತ್ತು ಅದರ ಪೋರ್ಟ್. ಅಪಾಚಿ ಎಂಬ ಇನ್ನೊಂದು ವೆಬ್ ಸರ್ವರ್‌ನಲ್ಲೂ ಹೀಗೆಯೇ; ಪ್ರಾಕ್ಸಿ ಪ್ರಿಸರ್ವ್ ಹೋಸ್ಟ್ ಎಂಬುದನ್ನು ನಾವೇ ಆನ್ ಮಾಡಬೇಕು. ಬಂದ ಹೆಸರು ತನ್ನ ಅಲೌಡ್ ಹೋಸ್ಟ್ಸ್ ಪಟ್ಟಿಯಲ್ಲಿ ಇಲ್ಲದಿದ್ದರೆ ಜ್ಯಾಂಗೋ 400 ಎಂದು ತಳ್ಳಿಬಿಡುತ್ತದೆ. ಆಗ ಸಿಗುವ ಸುಲಭದ ಸಲಹೆ, 'ಪಟ್ಟಿಯಲ್ಲಿ ನಕ್ಷತ್ರ ಹಾಕಿ, ಸರಿಹೋಗುತ್ತದೆ'. ದಯವಿಟ್ಟು ಹಾಕಬೇಡಿ. ಪಾಸ್‌ವರ್ಡ್ ಮರೆತವರಿಗೆ ಕಳಿಸುವ ಮೇಲ್‌ನಲ್ಲಿ ಲಿಂಕ್ ಕಟ್ಟಲು ಎಷ್ಟೋ ಅಪ್ಲಿಕೇಶನ್‌ಗಳು ಇದೇ ಹೋಸ್ಟ್ ಹೆಡರ್ ಬಳಸುತ್ತವೆ. ಯಾವ ಹೆಸರಾದರೂ ಸರಿ ಎಂದು ಬಿಟ್ಟರೆ, ದುರುಳರು ತಮ್ಮ ಡೊಮೇನ್‌ನ ಹೆಸರು ಹಾಕಿ ನಿಮ್ಮ ಬಳಕೆದಾರರ ಪರವಾಗಿ ಆ ಮೇಲ್ ತರಿಸಬಹುದು. ನಿಮ್ಮದೇ ಸೈಟ್‌ನಿಂದ ಹೊರಟ ಮೇಲ್, ಒಳಗಿನ ಲಿಂಕ್ ಮಾತ್ರ ಕಳ್ಳರದ್ದು. ಮುಂದಿನ ಸರ್ವರ್ ನಿಜವಾದ ಹೆಸರನ್ನು ದಾಟಿಸಲಿ, ಹಿಂದಿನದ್ದು ತನಗೆ ಗೊತ್ತಿರುವ ಹೆಸರುಗಳನ್ನಷ್ಟೇ ಒಪ್ಪಲಿ. ಎರಡೂ ಬೇಕು.

ಎರಡನೆಯದು, ಎಚ್‌ಟಿಟಿಪಿಎಸ್. ಗುಪ್ತಲಿಪಿ ಬಿಚ್ಚುವ ಕೆಲಸ ಎಂಜಿನ್‌ಎಕ್ಸ್‌ನಲ್ಲೇ ಮುಗಿಯುತ್ತದೆ. ಅಲ್ಲಿಂದ ಹಿಂದಕ್ಕೆ ಹೋಗುವುದು ಬರೀ ಎಚ್‌ಟಿಟಿಪಿ. ಅದನ್ನು ನೋಡಿದ ಅಪ್ಲಿಕೇಶನ್ 'ಇವರು ಸುರಕ್ಷಿತವಾಗಿ ಬಂದಿಲ್ಲ' ಎಂದುಕೊಂಡು ಎಚ್‌ಟಿಟಿಪಿಎಸ್‌ಗೆ ಹೋಗಿ ಎನ್ನುತ್ತದೆ. ಬ್ರೌಸರ್ ಹೋಗುತ್ತದೆ, ಎಂಜಿನ್‌ಎಕ್ಸ್ ಮತ್ತೆ ಬಿಚ್ಚಿ ಕೊಡುತ್ತದೆ, ಅಪ್ಲಿಕೇಶನ್ ಮತ್ತೆ ಅದೇ ಮಾತು ಹೇಳುತ್ತದೆ. ಸುತ್ತಿ ಸುತ್ತಿ ಕೊನೆಗೆ ಬ್ರೌಸರ್ ಕೈಚೆಲ್ಲುತ್ತದೆ. ಇದಕ್ಕೆ ಎಕ್ಸ್ ಫಾರ್ವರ್ಡೆಡ್ ಪ್ರೋಟೊ ಹೆಡರ್ ಕಳಿಸಬೇಕು, ಜೊತೆಗೆ ಅದನ್ನು ನಂಬು ಎಂದು ಅಪ್ಲಿಕೇಶನ್‌ಗೂ ಹೇಳಬೇಕು. ಟಾಮ್‌ಕ್ಯಾಟ್‌ನಲ್ಲಿ ಅದು ರಿಮೋಟ್ ಐಪಿ ವಾಲ್ವ್, ನೋಡ್‌ನ ಎಕ್ಸ್‌ಪ್ರೆಸ್ ಫ್ರೇಮ್‌ವರ್ಕ್‌ನಲ್ಲಿ ಟ್ರಸ್ಟ್ ಪ್ರಾಕ್ಸಿ, ಜ್ಯಾಂಗೋದಲ್ಲಿ ಸೆಕ್ಯೂರ್ ಪ್ರಾಕ್ಸಿ ಎಸ್‌ಎಸ್‌ಎಲ್ ಹೆಡರ್.

ಮೂರನೆಯದು, ಬಂದವರ ಐಪಿ. ಏನೂ ಹೇಳದಿದ್ದರೆ ಹಿಂದಿನ ಅಪ್ಲಿಕೇಶನ್‌ಗೆ ಎಲ್ಲರೂ 127.0.0.1ರಿಂದಲೇ ಬಂದಂತೆ ಕಾಣುತ್ತದೆ. ಲಾಗ್ ಉಪಯೋಗಕ್ಕೆ ಬಾರದೆ ಹೋಗುವುದು ಸಣ್ಣ ತೊಂದರೆ. ತಪ್ಪು ಪಾಸ್‌ವರ್ಡ್ ಹೊಡೆದ ಐಪಿಯನ್ನು ತಡೆಯುವ ಆಪ್ ಆಗಿದ್ದರೆ, ಒಬ್ಬರು ಮಾಡಿದ್ದಕ್ಕೆ ಊರಿಗೆಲ್ಲ ಬಾಗಿಲು ಮುಚ್ಚುತ್ತದೆ. ಎಕ್ಸ್ ಫಾರ್ವರ್ಡೆಡ್ ಫಾರ್ ಇರುವುದು ಇದಕ್ಕೇ. ಆದರೆ ಆ ಹೆಡರ್ ಅನ್ನು ಹೊರಗಿನವರೂ ಬರೆದು ಕಳಿಸಬಹುದು. ಎಲ್ಲರೂ ನಕಲು ಮಾಡುವ ಕಾನ್ಫಿಗ್‌ನ ಸಾಲು ಬಂದದ್ದನ್ನು ಅಳಿಸುವುದಿಲ್ಲ, ಅದರ ಬಾಲಕ್ಕೆ ನಿಜವಾದ ಐಪಿ ಸೇರಿಸುತ್ತದೆ. ಅಪ್ಲಿಕೇಶನ್ ಎಡಗಡೆಯ ಮೊದಲ ಐಪಿಯನ್ನೇ ನಂಬಿದರೆ ಸುಳ್ಳನ್ನೇ ನಂಬಿದಂತೆ. ನನ್ನಲ್ಲಿ ಹೊರಜಗತ್ತಿಗೂ ಅಪ್ಲಿಕೇಶನ್‌ಗೂ ನಡುವೆ ಇರುವುದು ಒಂದೇ ಪ್ರಾಕ್ಸಿ. ಆದ್ದರಿಂದ ಬಂದದ್ದನ್ನು ಪೂರಾ ಅಳಿಸಿ, ನನ್ನ ಸರ್ವರ್ ಕಣ್ಣಾರೆ ಕಂಡ ಐಪಿಯನ್ನಷ್ಟೇ ಬರೆಯುತ್ತೇನೆ.

ಇಷ್ಟೆಲ್ಲ ಮಾಡಿ ಅಪ್ಲಿಕೇಶನ್ ಪೋರ್ಟನ್ನು ಹೊರಕ್ಕೆ ತೆರೆದಿಟ್ಟರೆ ಎಲ್ಲವೂ ವ್ಯರ್ಥ. 0.0.0.0, ಅಂದರೆ ಯಂತ್ರದ ಎಲ್ಲ ವಿಳಾಸಗಳ, ಮೇಲೆ ಕಿವಿಗೊಟ್ಟು ಕೂತ ಆಪ್‌ಗೆ ಯಾರು ಬೇಕಾದರೂ ನೇರವಾಗಿ ಬಂದು ತಮಗಿಷ್ಟ ಬಂದ ಹೆಡರ್ ಬರೆದು ಕಳಿಸಬಹುದು. 127.0.0.1 ಎಂದೇ ಬರೆಯಿರಿ. ಆಪ್‌ಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಡಾಕರ್ ಬಳಸುವವರು ಇಲ್ಲಿ ಇನ್ನೂ ಎಚ್ಚರದಿಂದಿರಬೇಕು: ಕಂಟೇನರ್‌ನ ಪೋರ್ಟ್ ಪ್ರಕಟಿಸಿದರೆ ಡಾಕರ್ ತಾನೇ ಐಪಿಟೇಬಲ್ಸ್ (ಲಿನಕ್ಸ್‌ನ ಫೈರ್‌ವಾಲ್) ನಿಯಮ ಬರೆಯುತ್ತದೆ, ಯುಎಫ್‌ಡಬ್ಲ್ಯು ಎಂಬ ಫೈರ್‌ವಾಲ್ ಉಪಕರಣ ಹಾಕಿದ ತಡೆ ಅದಕ್ಕೆ ಅನ್ವಯಿಸುವುದಿಲ್ಲ. ಪೋರ್ಟ್ ಸಂಖ್ಯೆಗೆ ಮೊದಲು 127.0.0.1 ಸೇರಿಸಿದರೆ ಸರಿ. ಟಾಮ್‌ಕ್ಯಾಟ್‌ನವರಿಗೆ 2020ರ ಘೋಸ್ಟ್‌ಕ್ಯಾಟ್ ಎಂಬ ಭದ್ರತಾ ಲೋಪ ನೆನಪಿರಬಹುದು. 8009ರಲ್ಲಿ ಎಜೆಪಿ ಎಂಬ ಕನೆಕ್ಟರ್ ತಾನಾಗಿಯೇ ತೆರೆದಿರುತ್ತಿತ್ತು. ಮುಂದಿನ ವೆಬ್ ಸರ್ವರ್ ಮಾತ್ರ ಅದರೊಂದಿಗೆ ಮಾತಾಡುತ್ತದೆ ಎಂಬ ನಂಬಿಕೆಯ ಮೇಲೆ ಕಟ್ಟಿದ ಪ್ರೋಟೊಕಾಲ್ ಅದು. ಆ ಪೋರ್ಟ್ ಹೊರಗೆ ಸಿಕ್ಕಿದಲ್ಲೆಲ್ಲ ಅಪ್ಲಿಕೇಶನ್‌ನ ಒಳಗಿನ ಫೈಲ್‌ಗಳನ್ನು ಓದಲು ಸಾಧ್ಯವಾಗುತ್ತಿತ್ತು. ಟಾಮ್‌ಕ್ಯಾಟ್ 9.0.31ರಿಂದ ಅದು ಮುಚ್ಚಿಯೇ ಬರುತ್ತದೆ. ಗ್ರಂಥಾಲಯದ ಸೈಟ್‌ಗೆ ನಾನು ಎಜೆಪಿ ಬಿಟ್ಟು ಸಾದಾ ಎಚ್‌ಟಿಟಿಪಿಯಲ್ಲೇ ಪ್ರಾಕ್ಸಿ ಮಾಡುತ್ತೇನೆ.

ಈ ಸರ್ವರ್ ನನ್ನ ಕೈಗೆ ಬಂದ ಹೊಸದರಲ್ಲಿ ಗ್ರಂಥಾಲಯದ ಮೇಡಂ ಫೋನ್ ಮಾಡಿದ್ದರು. "ಸರ್, ನಮ್ಮ ಹೊಸ ಡೊಮೇನ್ ತೆರೆದ್ರೆ ಯಾವುದೋ ನಾಟಕದ ಪೋಸ್ಟರ್ ಬರ್ತಾ ಇದೆಯಲ್ಲ!" ಅವರು ಇನ್ನೊಂದು ಹೆಸರು ಕೊಂಡು ನಮ್ಮ ಐಪಿಗೆ ತಿರುಗಿಸಿದ್ದರು. ಸರ್ವರ್‌ಗೆ ಆ ಹೆಸರು ಇನ್ನೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಹೆಸರು ಬಂದರೆ ಎಂಜಿನ್‌ಎಕ್ಸ್ ಸುಮ್ಮನಿರುವುದಿಲ್ಲ, ಡಿಫಾಲ್ಟ್ ಯಾವುದೆಂದು ಹೇಳದಿದ್ದರೆ ಮೊದಲು ಓದಿದ ಸರ್ವರ್ ಬ್ಲಾಕ್‌ಗೆ (ಕಾನ್ಫಿಗ್‌ನಲ್ಲಿ ಒಂದು ಸೈಟ್‌ಗೆ ಮೀಸಲಾದ ಭಾಗ) ದಾಟಿಸಿಬಿಡುತ್ತದೆ. ಫೈಲ್‌ಗಳನ್ನು ಓದುವುದು ಹೆಸರಿನ ಅಕ್ಷರಕ್ರಮದಲ್ಲಿ, ನಾಟಕದ ಫೈಲ್ ಮೊದಲಿತ್ತು. ಹಾಗಾಗಿ ಈಗ ಯಾವ ಸೈಟ್‌ಗೂ ಸೇರದ ಒಂದು ಡಿಫಾಲ್ಟ್ ಬ್ಲಾಕ್ ಇಟ್ಟಿದ್ದೇನೆ. ಅದು 444 ಎಂದು, ಅಂದರೆ ಉತ್ತರವನ್ನೇ ಕೊಡದೆ, ಸಂಪರ್ಕ ಕಡಿದುಹಾಕುತ್ತದೆ. 443ರಲ್ಲಿ ಎಸ್‌ಎಸ್‌ಎಲ್ ರಿಜೆಕ್ಟ್ ಹ್ಯಾಂಡ್‌ಶೇಕ್ ಹಾಕಿದ್ದೇನೆ, ಗೊತ್ತಿಲ್ಲದ ಹೆಸರಿಗೆ ಗುಪ್ತ ಸಂಪರ್ಕವೇ ಶುರುವಾಗುವುದಿಲ್ಲ.

ಎಚ್‌ಟಿಟಿಪಿಎಸ್‌ಗೆ ಬೇಕಾದ, ಸೈಟ್‌ನ ಗುರುತು ತೋರಿಸುವ ಸರ್ಟಿಫಿಕೇಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೋಸ್ಟ್ ಹೆಡರ್ ಗುಪ್ತಲಿಪಿಯ ಒಳಗಿರುವುದರಿಂದ, ಯಾರ ಸರ್ಟಿಫಿಕೇಟ್ ತೋರಿಸಬೇಕೆಂದು ಸರ್ವರ್‌ಗೆ ಮೊದಲೇ ತಿಳಿಸಲು ಎಸ್‌ಎನ್‌ಐ ಎಂಬ ಸೌಲಭ್ಯ ಬಂತು. ಅದು 2003ರ ಆರ್‌ಎಫ್‌ಸಿ 3546ರಲ್ಲೇ ಇತ್ತು. ವಿಂಡೋಸ್ ಎಕ್ಸ್‌ಪಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಅದು ಕೊನೆಯವರೆಗೂ ಬರಲಿಲ್ಲವಾದ್ದರಿಂದ ಎಷ್ಟೋ ವರ್ಷ ನೆಚ್ಚಿಕೊಳ್ಳಲಾಗಲಿಲ್ಲ. 2015ರ ಡಿಸೆಂಬರ್‌ನಿಂದ ಲೆಟ್ಸ್ ಎನ್‌ಕ್ರಿಪ್ಟ್ ಎಲ್ಲರಿಗೂ ಉಚಿತವಾಗಿ ಸರ್ಟಿಫಿಕೇಟ್ ಕೊಡುತ್ತಿದೆ. ಡೊಮೇನ್ ನಮ್ಮದೇ ಎಂದು ಖಚಿತಪಡಿಸಿಕೊಳ್ಳಲು ಅದು ಪರೀಕ್ಷಾ ಫೈಲ್ ಕೇಳುವ ದಾರಿಯನ್ನು ಅಪ್ಲಿಕೇಶನ್‌ಗೆ ದಾಟಿಸದೆ ಎಂಜಿನ್‌ಎಕ್ಸ್‌ನಲ್ಲೇ ಉಳಿಸಿಕೊಂಡರೆ, ಆಪ್ ಸತ್ತಿದ್ದರೂ ನವೀಕರಣ ನಡೆಯುತ್ತದೆ.

ಒಂದೇ ಡೊಮೇನ್ ಇಟ್ಟು ಅದರ ಕೆಳಗೆ ಬೇರೆ ಬೇರೆ ದಾರಿಗಳಲ್ಲಿ ಸೈಟ್‌ಗಳನ್ನು ಕೂರಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಸಂಬಂಧವಿಲ್ಲದ ಆಪ್‌ಗಳಿಗೆ ನಾನು ಬೇಡವೆನ್ನುತ್ತೇನೆ. ಪ್ರಾಕ್ಸಿ ಪಾಸ್ ವಿಳಾಸದ ಕೊನೆಯಲ್ಲಿ ಒಂದು ಓರೆಗೆರೆ ಇದ್ದರೆ ದಾರಿಯ ಮುಂಭಾಗ ಕತ್ತರಿಸಿಹೋಗುತ್ತದೆ, ಇಲ್ಲದಿದ್ದರೆ ಹಾಗೇ ದಾಟುತ್ತದೆ. ಆ ಗೊಂದಲವನ್ನಾದರೂ ಕಲಿತುಕೊಳ್ಳಬಹುದು. ಆದರೆ ಬ್ರೌಸರ್‌ನ ಲೆಕ್ಕದಲ್ಲಿ ಅವೆಲ್ಲ ಒಂದೇ ಮೂಲದ ಪುಟಗಳು. ಒಂದು ಆಪ್‌ನಲ್ಲಿ ತೂತು ಬಿದ್ದರೆ ಅಲ್ಲಿಂದ ನುಗ್ಗಿದ ಸ್ಕ್ರಿಪ್ಟ್ ಪಕ್ಕದ ಆಪ್‌ನಲ್ಲಿ ಲಾಗಿನ್ ಆದವರ ಹೆಸರಲ್ಲೇ ಕೆಲಸ ಮಾಡಬಲ್ಲದು. ಗೆಳೆಯರ ಟಿಪ್ಪಣಿಗಳನ್ನು ಗ್ರಂಥಾಲಯದ ಆಪ್‌ನ ಅದೃಷ್ಟಕ್ಕೆ ಕಟ್ಟಿಹಾಕಲು ನನಗೆ ಮನಸ್ಸಿಲ್ಲ.

ಆ ಟಿಪ್ಪಣಿ ಆಪ್‌ಗೆ ವೆಬ್‌ಸಾಕೆಟ್, ಅಂದರೆ ಬ್ರೌಸರ್ ಮತ್ತು ಸರ್ವರ್ ನಡುವೆ ತೆರೆದೇ ಇರುವ ಸಂಪರ್ಕ, ಬೇಕು. ಅದನ್ನು ಶುರುಮಾಡುವ ಅಪ್‌ಗ್ರೇಡ್ ಮತ್ತು ಕನೆಕ್ಷನ್ ಹೆಡರ್‌ಗಳು ಪ್ರಾಕ್ಸಿಯಲ್ಲೇ ನಿಂತುಬಿಡುತ್ತವೆ. ಹೆಸರು ಹೇಳಿ ದಾಟಿಸದಿದ್ದರೆ ಪುಟ ತೆರೆಯುತ್ತದೆ, ಇನ್ನೊಬ್ಬರು ಬರೆದದ್ದು ಮಾತ್ರ ಬರುವುದಿಲ್ಲ.

ಎಡವಿದಾಗ ಎಂಜಿನ್‌ಎಕ್ಸ್‌ನ ಎರರ್ ಲಾಗ್ ನೇರವಾಗಿ ಮಾತಾಡುತ್ತದೆ. ಬ್ರೌಸರ್‌ನಲ್ಲಿ 502 ಕಂಡರೆ ಲಾಗ್‌ನಲ್ಲಿ ಸಂಖ್ಯೆ ನೋಡಿ. 111 ಎಂದರೆ ಆ ಪೋರ್ಟ್‌ನಲ್ಲಿ ಯಾರೂ ಇಲ್ಲ, ಆಪ್ ಬಿದ್ದಿದೆ. 13 ಎಂದರೆ ಅನುಮತಿಯಿಲ್ಲ, ಯುನಿಕ್ಸ್ ಸಾಕೆಟ್‌ನ (ಪೋರ್ಟ್ ಬದಲು ಬಳಸುವ ಫೈಲ್) ಫೋಲ್ಡರ್ ಅಥವಾ ಎಸ್‌ಇ ಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆ ತಡೆಯುತ್ತಿದೆ. 504 ಎಂದರೆ ಆಪ್ ಇದೆ, ಆದರೆ ಹೆಚ್ಚಾಗಿ 60 ಸೆಕೆಂಡ್ ಕಾದರೂ ಉತ್ತರಿಸಲಿಲ್ಲ. ಅವಧಿ ಹೆಚ್ಚಿಸುವ ಮೊದಲು ಆಪ್ ಯಾಕೆ ಅಷ್ಟು ಹೊತ್ತು ತೆಗೆದುಕೊಂಡಿತು ಎಂದು ನೋಡಿ. 413 ಎಂದರೆ ಫೈಲ್ ದೊಡ್ಡದಾಯಿತು. ಎಂಜಿನ್‌ಎಕ್ಸ್‌ನ ಡಿಫಾಲ್ಟ್ ಮಿತಿ 1 ಎಂಬಿ. ನಾಟಕದ ಪೋಸ್ಟರ್ ಅದಕ್ಕಿಂತ ದೊಡ್ಡದೇ ಇರುತ್ತದೆ, ಆ ಸೈಟ್‌ಗಷ್ಟೇ ಮಿತಿ ಏರಿಸಿದ್ದೇನೆ.

ಹೊಸ ಸೈಟ್ ಸೇರಿಸುವಾಗ ನಾನು ಡೊಮೇನ್ ಹೆಸರನ್ನು ಐಪಿಗೆ ಜೋಡಿಸುವ ಡಿಎನ್‌ಎಸ್ ಅನ್ನು ಕೊನೆಗೆ ಮುಟ್ಟುತ್ತೇನೆ. ಮೊದಲು ಪೋರ್ಟ್ ಪಟ್ಟಿಯಲ್ಲಿ ಒಂದು ಸಾಲು, ಆಮೇಲೆ ಆಪ್, ಆಮೇಲೆ ಸರ್ವರ್ ಬ್ಲಾಕ್. ಎಂಜಿನ್‌ಎಕ್ಸ್‌ಗೆ ಟಿ ಆಯ್ಕೆ ಕೊಟ್ಟು ಕಾನ್ಫಿಗ್ ತಪ್ಪಿಲ್ಲವೆಂದು ನೋಡಿ, ರಿಸ್ಟಾರ್ಟ್ ಮಾಡದೆ ರಿಲೋಡ್ ಮಾಡುತ್ತೇನೆ. ಹಳೆಯ ಪ್ರೊಸೆಸ್‌ಗಳು ಕೈಯಲ್ಲಿರುವ ರಿಕ್ವೆಸ್ಟ್ ಮುಗಿಸಿಯೇ ಹೋಗುತ್ತವೆ, ಉಳಿದ ಸೈಟ್‌ಗಳ ಓದುಗರಿಗೆ ಏನೂ ತಿಳಿಯುವುದಿಲ್ಲ. ಪುಟ ತರಿಸಿ ನೋಡುವ ಕರ್ಲ್ ಎಂಬ ಕಮಾಂಡ್‌ನಲ್ಲಿ ರಿಸಾಲ್ವ್ ಆಯ್ಕೆ ಕೊಟ್ಟು ಹೊಸ ಹೆಸರನ್ನು ನನ್ನ ಐಪಿಗೆ ಕಟ್ಟಿ, ಪುಟ ಸರಿಯಾಗಿ ಬಂತೇ, ಆಪ್‌ನ ಲಾಗ್‌ನಲ್ಲಿ ನನ್ನದೇ ಐಪಿ ಬಿತ್ತೇ, ಲಿಂಕ್‌ಗಳಲ್ಲಿ ಎಲ್ಲಾದರೂ 127.0.0.1 ನುಸುಳಿದೆಯೇ ಎಂದು ನೋಡುತ್ತೇನೆ. ಮೂರೂ ಸರಿಯಿದ್ದರೆ ಡಿಎನ್‌ಎಸ್ ತಿರುಗಿಸಿ, ಸರ್ಟಿಫಿಕೇಟ್ ತೆಗೆದುಕೊಂಡು, ಆ ಹೆಸರಿಗೂ 443ರ ಬ್ಲಾಕ್ ಬರೆಯುತ್ತೇನೆ.