ಹಸಿರು ನೀರಿಗೆ ದಾರಿ ಮಾಡಿಕೊಂಡು ಚಿನ್ನಕ್ಕೆ ಕೈ ಹಾಕಿ

ಕೋಲಾರ ಜಿಲ್ಲೆಯಲ್ಲಿ ಚಿನ್ನ ತೆಗೆಯುವ ಕೆಲಸ ಮಾಡುತ್ತೇನೆ ಎಂದರೆ ನೆಂಟರೆಲ್ಲ ಕೆಜಿಎಫ್ ಗಣಿ ಮತ್ತೆ ಶುರುವಾಯಿತೇ ಎಂದು ಕೇಳುತ್ತಾರೆ. ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿದ್ದು. ನನ್ನ ಕೆಲಸ ಮಾಲೂರಿನ ಒಂದು ಇ-ತ್ಯಾಜ್ಯ ಘಟಕದಲ್ಲಿ, ಹಳೆಯ ಕಂಪ್ಯೂಟರ್ ಬೋರ್ಡುಗಳ ಚಿನ್ನದ ಗಿಲೀಟು ಬಿಡಿಸುವ ವಿಭಾಗದಲ್ಲಿ. ಮೊಬೈಲಿನಲ್ಲಿ ವಿಡಿಯೊ ನೋಡಿ, ಮನೆಯ ಹಿತ್ತಿಲಲ್ಲೇ ಆಸಿಡ್ ಬಕೆಟ್ ಇಟ್ಟುಕೊಂಡರೆ ಹೇಗೆ ಎಂದು ವಿಚಾರಿಸುವವರು ಈಚೆಗೆ ಹೆಚ್ಚಾಗಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ದಪ್ಪ ಚಿನ್ನವಿದ್ದರೆ ಅದರ ತೂಕ ಎರಡು ಮಿಲಿಗ್ರಾಂ ಕೂಡ ಆಗುವುದಿಲ್ಲ. ರ‍್ಯಾಮ್‌ನಂಥ ಕಾರ್ಡುಗಳ ಅಂಚಿನಲ್ಲಿರುವ ಹಲ್ಲುಗಳನ್ನು ಪದೇ ಪದೇ ತೆಗೆದು ಸಿಕ್ಕಿಸಿದರೂ ಸವೆಯಬಾರದು. ಹಾಗಾಗಿ ಒಳ್ಳೆಯ ಮಾಲಿನಲ್ಲಿ ಅಲ್ಲಿ ಮುಕ್ಕಾಲು ಮೈಕ್ರಾನ್ ಅಥವಾ ಅದಕ್ಕೂ ತುಸು ಹೆಚ್ಚಿನ ಲೇಪ ಇರುತ್ತದೆ. ಬೋರ್ಡಿನ ಮೈಮೇಲೆ ಅಲ್ಲಲ್ಲಿ ಹಳದಿಯಾಗಿ ಮಿರುಗುವ ಭಾಗದಲ್ಲಿ ಸಾಮಾನ್ಯವಾಗಿ ಇರುವುದು 0.05ರಿಂದ 0.1 ಮೈಕ್ರಾನ್. ಕಣ್ಣಿಗೆ ಎರಡೂ ಒಂದೇ ಬಣ್ಣ, ಕೈಗೆ ಬರುವ ಚಿನ್ನದಲ್ಲಿ ಹೆಚ್ಚುಕಡಿಮೆ ಹತ್ತು ಪಟ್ಟು ಅಂತರ. ಎರಡನ್ನೂ ಒಂದೇ ತೊಟ್ಟಿಗೆ ಸುರಿದರೆ ಆಸಿಡ್‌ಗೆ ಹಾಕಿದ ದುಡ್ಡೂ ಹುಟ್ಟುವುದಿಲ್ಲ. ಅದಕ್ಕೇ ನಮ್ಮಲ್ಲಿ ಹಲ್ಲುಗಳ ಪಟ್ಟಿಯನ್ನಷ್ಟೇ ಕತ್ತರಿಸಿಕೊಂಡು, ಬೆಸುಗೆಯ ಸೀಸ, ತವರ ಅಂಟಿದ ತುಂಡನ್ನೆಲ್ಲ ಬೇರೆ ಮಾಡುತ್ತೇವೆ. ತವರ ಒಳಗೆ ಹೋದರೆ ಮುಂದೆ ಶುದ್ಧಿಯ ಹಂತದಲ್ಲಿ ಲೋಳೆಯಾಗಿ ಸೋಸುವ ಕಾಗದವನ್ನು ಕಟ್ಟಿಬಿಡುತ್ತದೆ. ಅಯಸ್ಕಾಂತಕ್ಕೆ ಅಂಟುವ ಪಿನ್ನುಗಳೂ ಬೇರೆ ಡಬ್ಬಕ್ಕೆ.

ಇನ್ನು ಆ ಪಟ್ಟಿಗಳನ್ನು ಮುಳುಗಿಸುವ ದ್ರಾವಣ. ಅದು ಚಿನ್ನವನ್ನು ಕರಗಿಸುತ್ತದೆ ಎಂದೇ ಬಹಳ ಜನ ತಿಳಿದಿದ್ದಾರೆ. ಅದು ಕರಗಿಸುವುದು ಚಿನ್ನದ ಕೆಳಗಿನ ನಿಕ್ಕಲ್ ಮತ್ತು ತಾಮ್ರವನ್ನು. ಹೈಡ್ರೋಕ್ಲೋರಿಕ್ ಆಮ್ಲ ಒಂದೇ ಇದ್ದರೆ ತಾಮ್ರಕ್ಕೆ ಹೆಚ್ಚೇನೂ ಆಗದು. ಚೂರು ಹೈಡ್ರೋಜನ್ ಪೆರಾಕ್ಸೈಡ್ ಸೇರಿದರೆ ತಾಮ್ರದ ಕ್ಲೋರೈಡ್ ಹುಟ್ಟುತ್ತದೆ. ಆಮೇಲೆ ಆ ಕ್ಲೋರೈಡೇ ಉಳಿದ ತಾಮ್ರವನ್ನು ತಿನ್ನಲು ತೊಡಗುತ್ತದೆ. ತಿಂದು ದಣಿದ ದ್ರಾವಣ ಕಂದುಗಪ್ಪಾಗುತ್ತದೆ. ಮೀನಿನ ತೊಟ್ಟಿಗೆ ಹಾಕುವಂಥ ಪಂಪಿನಿಂದ ಗಾಳಿ ಊದಿದರೆ, ಆಮ್ಲ ಉಳಿದಿರುವವರೆಗೆ, ಮತ್ತೆ ಹಸಿರಿಗೆ ತಿರುಗಿ ಕೆಲಸಕ್ಕೆ ನಿಲ್ಲುತ್ತದೆ. ತಳದ ಆಸರೆ ತಪ್ಪಿದ ಚಿನ್ನ ಮೊದಲು ಹಲ್ಲಿನ ಒಂದು ತುದಿಯಲ್ಲಿ ಮೇಲೇಳುತ್ತದೆ, ನಂತರ ಈರುಳ್ಳಿಯ ಒಳಪೊರೆಯಂತೆ ಸುರುಳಿ ಸುತ್ತಿಕೊಂಡು ಕಳಚುತ್ತದೆ. ಕಡ್ಡಿಯಿಂದ ಮೆಲ್ಲಗೆ ಕದಡಿದರೆ ಹಸಿರು ನೀರಿನ ತುಂಬ ಚೂರುಗಳು ತೇಲಾಡುತ್ತವೆ. ಎಷ್ಟು ಸಲ ನೋಡಿದ್ದರೂ ಆ ಹೊತ್ತಿಗೆ ತೊಟ್ಟಿಯ ಬಳಿ ಹೋಗಿ ನಿಲ್ಲುತ್ತೇನೆ.

ಈ ಹಂತಕ್ಕೆ ದಿನಗಳು ಹಿಡಿಯುತ್ತವೆ. ಹೊಸದಾಗಿ ಸೇರಿದ ಹುಡುಗರು ಯಾರೇ ಇರಲಿ, ಕೇಳುವ ಪ್ರಶ್ನೆ ಒಂದೇ: “ಅಣ್ಣ, ಇನ್ನೊಂದಿಷ್ಟು ಪೆರಾಕ್ಸೈಡ್ ಹಾಕಿದರೆ ಸಂಜೆಯೊಳಗೆ ಮುಗಿಯುತ್ತದಲ್ಲವೇ?” ಮುಗಿಯುತ್ತದೆ. ದ್ರಾವಣ ಕುದಿಯುವಷ್ಟು ಬಿಸಿಯಾಗಿ ಕ್ಲೋರಿನ್ ಮೂಗಿಗೆ ಅಡರುತ್ತದೆ, ಚಿನ್ನವೂ ಅಷ್ಟಿಷ್ಟು ಕರಗುತ್ತದೆ. ಕರಗಿದ್ದು ಉಳಿದ ತಾಮ್ರದ ಮೇಲೆ ಮತ್ತೆ ಕೂರುತ್ತದೆ, ಅದು ನಿಜ. ಆದರೆ ಪೊರೆಯಾಗಿ ಬರದೆ ನುಣ್ಣನೆಯ ಪುಡಿಯಾಗಿ ಬಂದು ಸೋಸುವಾಗ ಕೈತಪ್ಪುತ್ತದೆ. ಆದ್ದರಿಂದ ಪೆರಾಕ್ಸೈಡ್ ಕ್ಯಾನಿನ ಬೀಗದ ಕೈ ನನ್ನ ಜೇಬಿನಲ್ಲಿರುತ್ತದೆ.

ಸೋಸಿದ ಪೊರೆಯನ್ನು ನೇರ ನೀರಿನಲ್ಲಿ ತೊಳೆಯಬಾರದು. ತೊಳೆದರೆ ದಣಿದ ದ್ರಾವಣದೊಳಗಿನ ತಾಮ್ರ ಬಿಳಿಯ ಗಸಿಯಾಗಿ ಚಿನ್ನದ ಜೊತೆಯೇ ಕೂರುತ್ತದೆ. ಮೊದಲು ತೆಳು ಆಮ್ಲ, ಆಮೇಲೆ ನೀರು. ಮುಂದಿನದು ಹಳೆಯ ವಿದ್ಯೆ: ಅಕ್ವಾ ರೀಜಿಯಾದಲ್ಲಿ, ಅಂದರೆ ಹೈಡ್ರೋಕ್ಲೋರಿಕ್ ಮತ್ತು ನೈಟ್ರಿಕ್ ಆಮ್ಲಗಳ ಮಿಶ್ರಣದಲ್ಲಿ ಕರಗಿಸಿ, ಉಳಿದ ನೈಟ್ರಿಕ್ ಆಮ್ಲ ಕಳೆದು, ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿದರೆ ಚಿನ್ನ ತಳಕ್ಕೆ ಇಳಿಯುತ್ತದೆ. ಬಣ್ಣ ಮಣ್ಣುಗಂದು. ನೋಡಲು ಬಂದವರ ಮುಖ ಅಲ್ಲೇ ಸಪ್ಪಗಾಗುತ್ತದೆ. ಮೂಸೆಯಲ್ಲಿ ಬಿಳಿಗಾರ ಸೇರಿಸಿ 1064 ಡಿಗ್ರಿ ದಾಟಿಸಿದ ಮೇಲೆಯೇ ಅದಕ್ಕೆ ಚಿನ್ನದ ಕಳೆ.

ವಿಡಿಯೊಗಳು ಅಲ್ಲಿಗೆ ನಿಲ್ಲುತ್ತವೆ. ನಮ್ಮ ಪಾಳಿಯ ಹೆಚ್ಚಿನ ಸಮಯ ಹೋಗುವುದು ಅದರ ನಂತರ, ಆ ಹಸಿರು ನೀರಿಗೆ. ಅದರಲ್ಲಿ ಕಬ್ಬಿಣದ ಚೂರು ಹಾಕಿದರೆ ತಾಮ್ರ ಕೆಂಪು ಕೆಸರಾಗಿ ಹೊರಬರುತ್ತದೆ, ಅದನ್ನು ಮಾರಬಹುದು. ನಿಕ್ಕಲ್ ಹಾಗೆ ಬರುವುದಿಲ್ಲ. ಸುಣ್ಣ ಕಲಸಿ, ಆಮ್ಲತೆಯ ಅಳತೆಯಾದ ಪಿಎಚ್ ಅನ್ನು 9 ದಾಟಿಸಿದರೆ ಕಬ್ಬಿಣ, ನಿಕ್ಕಲ್, ಅಳಿದುಳಿದ ತಾಮ್ರ ಎಲ್ಲ ಕೆಸರಾಗಿ ಇಳಿಯುತ್ತವೆ. ಆ ಕೆಸರನ್ನು ಒಣಗಿಸಿ, ಚೀಲಕ್ಕೆ ತುಂಬಿ, ತೂಕ ಬರೆದು ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯದ ವಿಲೇವಾರಿ ಘಟಕಕ್ಕೆ ಕಳುಹಿಸಬೇಕು, ಅದೂ ದುಡ್ಡು ಕೊಟ್ಟು. ಆಸಿಡ್ ಹೊಗೆಯನ್ನು ತೊಳೆದು ಬಿಡಲು ಕಾಸ್ಟಿಕ್ ಸೋಡಾ ನೀರಿನ ಸ್ಕ್ರಬ್ಬರ್ ಯಂತ್ರ ಬೇರೆ. ಅದು ಇದ್ದೂ ಆ ಕೋಣೆಯ ಬಾಗಿಲ ಚಿಲಕ ತುಕ್ಕು ಹಿಡಿದು ಉದುರುತ್ತದೆ. ಹಿತ್ತಿಲಲ್ಲಿ ಆಸಿಡ್ ಇಟ್ಟುಕೊಂಡವರ ಶ್ವಾಸಕೋಶದ ಪಾಡೇನು ಎಂದು ಚಿಲಕ ನೋಡಿಯೇ ಹೇಳಬಹುದು.

ನಮ್ಮದು ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ತಂದು ಕೆರೆ ತುಂಬಿಸಿಕೊಳ್ಳುತ್ತಿದ್ದೇವೆ, ಬೋರ್‌ವೆಲ್‌ಗೆ ಜೀವ ಬರಲಿ ಎಂದು. ಇಲ್ಲಿ ಒಂದು ಬಕೆಟ್ ತಾಮ್ರದ ನೀರನ್ನು ಚರಂಡಿಗೆ ಚೆಲ್ಲುವವನು ಯಾರ ಬಾವಿಗೆ ಚೆಲ್ಲುತ್ತಿದ್ದಾನೆ ಎಂದು ಬಿಡಿಸಿ ಹೇಳಬೇಕಿಲ್ಲ. ಕೆಜಿಎಫ್‌ನಿಂದ ರೈಲಿನಲ್ಲಿ ಬರುವ ನನ್ನ ಸಹೋದ್ಯೋಗಿಯೊಬ್ಬರು ಈ ವಿಷಯದಲ್ಲಿ ನನಗಿಂತ ಕಟ್ಟುನಿಟ್ಟು. ಅವರ ಮನೆ ಸೈನೈಡ್ ದಿಬ್ಬದ, ಅಂದರೆ ಚಿನ್ನ ತೆಗೆದ ಮೇಲೆ ಗಣಿಯವರು ಸುರಿದ ಪುಡಿಯ ರಾಶಿಯ ಆಸುಪಾಸಿನಲ್ಲಿದೆ. ಗಾಳಿ ಎದ್ದಾಗ ಆ ಪುಡಿ ಇಂದಿಗೂ ಊರ ಮೇಲೆ ಹಾರುತ್ತದೆ. ಕೆಸರಿನ ಚೀಲದ ಬಾಯಿ ಸಡಿಲವಾಗಿ ಕಂಡರೆ ಅವರು ಬೈಯುವ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಗುಜರಿ ಅಂಗಡಿಯವರಿಗೆ ನನ್ನದೊಂದು ಸಲಹೆ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಹೊಸ ಇ-ತ್ಯಾಜ್ಯ ನಿಯಮಗಳ ಪ್ರಕಾರ ಮರುಬಳಕೆದಾರರು ನೋಂದಣಿ ಮಾಡಿಸಲೇಬೇಕು, ಆಸಿಡ್ ಕೆಲಸವನ್ನು ಅವರಿಗೇ ಬಿಡಿ. ಬೋರ್ಡುಗಳನ್ನು ಇಡಿಯಾಗಿ ಕಿಲೋ ಲೆಕ್ಕದಲ್ಲಿ ತೂಗಿಬಿಡದೆ, ರ‍್ಯಾಮ್ ಬೇರೆ, ಪ್ರೊಸೆಸರ್ ಬೇರೆ, ಟಿವಿ ಬೋರ್ಡು ಬೇರೆ ಎಂದು ಗುಡ್ಡೆ ಮಾಡಿ ತನ್ನಿ. ಕಲಬೆರಕೆ ಲೋಡಿಗೆ ಕೊಳ್ಳುವವರು ಯಾವಾಗಲೂ ಅದರಲ್ಲಿನ ಅಗ್ಗದ ಮಾಲಿನ ದರವನ್ನೇ ಹಿಡಿಯುತ್ತಾರೆ.